ನೆಲಮಂಗಲದವರೆಗೆ ಹೋಗಿ ಬನ್ನಿ ಸಾರ್

ಬೆಂಗಳೂರಿನ ಡೀಸೆಲ್ ಎಸ್‌ಯುವಿ ಮಾಲೀಕರಿಗೆ ನೆಲಮಂಗಲವೀಗ ಯಾತ್ರಾಸ್ಥಳ. ಅಲ್ಲಿ ಅವರಿಗೆ ನೆಂಟರಿಲ್ಲ, ಸೈಟಿಲ್ಲ, ಹರಕೆಯೂ ಇಲ್ಲ. ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪವೊಂದು ಹತ್ತಿದೆ, ಅಷ್ಟೆ. ಸರ್ವಿಸ್ ಸೆಂಟರಿಗೆ ಫೋನ್ ಮಾಡಿದರೆ ಅತ್ತ ಕಡೆಯ ಹುಡುಗ ಬಲು ವಿನಯದಿಂದ ಹೇಳುತ್ತಾನೆ: "ಡಿಪಿಎಫ್ ಲೈಟ್ ಸಾರ್ ಅದು. ಏನಿಲ್ಲ, ನೆಲಮಂಗಲದವರೆಗೆ ಒಂದು ರೌಂಡ್ ಹೋಗಿ ಬನ್ನಿ. ಅರವತ್ತರ ಮೇಲೇ ಇಟ್ಕೊಳ್ಳಿ. ತಾನಾಗೇ ಹೋಗುತ್ತೆ."

ಡಿಪಿಎಫ್ ಎಂದರೆ ಡೀಸೆಲ್ ಪಾರ್ಟಿಕ್ಯುಲೇಟ್ ಫಿಲ್ಟರ್. 2020ರ ಏಪ್ರಿಲ್ 1ರಿಂದ ಬಿಎಸ್-6 ಎಂಬ ಹೊಗೆ ನಿಯಮ ಜಾರಿಯಾದ ಮೇಲೆ ಡೀಸೆಲ್ ಗಾಡಿಗಳ ಹೊಗೆ ಕೊಳವೆಗೆ ಈ ಫಿಲ್ಟರ್ ಬಂದು ಕೂತಿತು. ಅದು ಮಸಿಯನ್ನು ಹಿಡಿದಿಟ್ಟುಕೊಳ್ಳುತ್ತದೆ, ತುಂಬಿದಾಗ ಸುಮಾರು 600 ಡಿಗ್ರಿ ಶಾಖದಲ್ಲಿ ಸುಟ್ಟು ಬೂದಿ ಮಾಡುತ್ತದೆ. ಸುಡಬೇಕಾದರೆ ಕೊಳವೆ ಕಾಯಬೇಕು. ಕಾಯಬೇಕಾದರೆ ಗಾಡಿ ಒಂದೇ ವೇಗದಲ್ಲಿ ಹದಿನೈದಿಪ್ಪತ್ತು ನಿಮಿಷ ಓಡಬೇಕು. ನಿಲ್ಲದೆ. ಬೆಂಗಳೂರಿನಲ್ಲಿ.

2022ರಲ್ಲಿ ಊರೂರುಗಳ ಟ್ರಾಫಿಕ್ ಅಳೆಯುವ ಟಾಮ್‌ಟಾಮ್ ಕಂಪನಿಯವರು ಲೆಕ್ಕ ಹಾಕಿದಾಗ ನಮ್ಮ ನಗರದ ನಡುಮಧ್ಯೆ 10 ಕಿಲೋಮೀಟರ್ ಸಾಗಲು 29 ನಿಮಿಷ 10 ಸೆಕೆಂಡ್ ಬೇಕಾಗಿತ್ತು. ಲಂಡನ್ ಒಂದನ್ನು ಬಿಟ್ಟರೆ ಅವರ ಪಟ್ಟಿಯಲ್ಲಿ ನಮಗಿಂತ ನಿಧಾನದವರಿರಲಿಲ್ಲ. ಗಂಟೆಗೆ ಇಪ್ಪತ್ತು ಚಿಲ್ಲರೆ ಕಿಲೋಮೀಟರಿನ ಊರಿನಲ್ಲಿ ಅರವತ್ತರ ಮೇಲೆ ಓಡಿದರೆ ಮಾತ್ರ ಸ್ವಸ್ಥವಾಗಿರುವ ಯಂತ್ರವನ್ನು ಮಾರುವುದಕ್ಕೆ ಅಸಾಮಾನ್ಯ ಆತ್ಮವಿಶ್ವಾಸ ಬೇಕು. ಕಂಪನಿಗಳಿಗೆ ಅದಿದೆ. ಮೆಚ್ಚಬೇಕಾದ್ದೇ.

ಪರಿಸರ ಕಾಳಜಿಯನ್ನೂ ಮೆಚ್ಚಬೇಕು. ಹೊಗೆ ಕಡಿಮೆ ಮಾಡಲು ಇಟ್ಟ ಫಿಲ್ಟರನ್ನು ಚೊಕ್ಕ ಮಾಡುವುದಕ್ಕಾಗಿ ಭಾನುವಾರ ಬೆಳಗ್ಗೆ ಎದ್ದು, ಗೊರಗುಂಟೆಪಾಳ್ಯದ ಜಾಮಿನಲ್ಲಿ ಇನ್ನಷ್ಟು ಮಸಿ ತುಂಬಿಸಿಕೊಂಡು, ಪಾರ್ಲೆ-ಜಿ ಟೋಲಿನಲ್ಲಿ ದುಡ್ಡು ಕಟ್ಟಿ, ಕೆಲಸವಿಲ್ಲದೆ ಹೋಗಿ ಕೆಲಸವಿಲ್ಲದೆ ಬರಬೇಕು. ಹೇಗೂ ಬಂದದ್ದಾಯಿತು, ಕ್ಯಾತ್ಸಂದ್ರದವರೆಗೆ ಹೋಗಿ ತಟ್ಟೆ ಇಡ್ಲಿ ತಿನ್ನೋಣ ಎಂದರೆ ಅದಕ್ಕೂ ಶಾಸ್ತ್ರವಿದೆ. ಮಸಿ ಸುಡುವಾಗ ಅರ್ಧಕ್ಕೇ ಇಂಜಿನ್ ಆರಿಸಿದರೆ ಕೆಲಸವೂ ಅರ್ಧಕ್ಕೇ ನಿಲ್ಲುತ್ತದೆ. ಪದೇಪದೇ ಹಾಗಾದರೆ ಉರಿಯದ ಡೀಸೆಲ್ ಇಂಜಿನ್ ಆಯಿಲಿಗೆ ಸೇರಿ ಆಯಿಲಿನ ಮಟ್ಟ ಏರುತ್ತದೆ. ಲೋಕದಲ್ಲಿ ಎಲ್ಲ ಗಾಡಿಗಳೂ ಆಯಿಲ್ ಕುಡಿದರೆ ನಮ್ಮದು ಆಯಿಲ್ ಹಡೆಯುತ್ತದೆ. ಆದ್ದರಿಂದ ಇಡ್ಲಿಯ ಹಬೆ ಮೂಗಿಗೆ ಬಡಿದರೂ ಕಾಲು ಆಕ್ಸಿಲರೇಟರ್ ಮೇಲೇ ಇರಬೇಕು.

ಇಷ್ಟಾದ ಮೇಲೂ ದೀಪ ಆರದಿದ್ದರೆ ಗಾಡಿಯನ್ನು ಒಳಗೆ ಬಿಡಬೇಕು, ಬಿಲ್ಲು ಬರುತ್ತದೆ. ವಾರಂಟಿ ಇದೆಯಲ್ಲ ಎಂದು ಕೇಳಿದರೆ ಹುಡುಗ ಇನ್ನಷ್ಟು ವಿನಯದಿಂದ ಹೇಳುತ್ತಾನೆ: "ಇದು ಯೂಸೇಜ್ ಪ್ಯಾಟರ್ನ್ ಸಾರ್. ಸಿಟೀಲಿ ಜಾಸ್ತಿ ಓಡಿಸಿದ್ದೀರ."

ಈ ಯೂಸೇಜ್ ಪ್ಯಾಟರ್ನ್ ಎಂಬುದನ್ನು ಕಂಡುಹಿಡಿದವನಿಗೆ ಒಂದು ಪ್ರಶಸ್ತಿ ಬರಬೇಕಿತ್ತು. ಗಾಡಿಯನ್ನು ಮಾರಿದ್ದು ಸಿಟಿಯಲ್ಲಿ, ಶೋರೂಮಿನ ಗಾಜಿನ ಗೋಡೆಯ ಆಚೆಗೇ ಬಂಪರಿಗೆ ಬಂಪರ್ ತಾಗಿಸಿಕೊಂಡು ವಾಹನಗಳು ನಿಂತಿದ್ದವು. ಚಕ್ರಕ್ಕೆ ನಿಂಬೆಹಣ್ಣು ಇಟ್ಟು, ಕೇಕ್ ಕತ್ತರಿಸಿ, ಹಾರ ಹಾಕಿ ಫೋಟೊ ಹೊಡೆದಾಗ ಯಾರೂ ಪ್ಯಾಟರ್ನ್ ವಿಚಾರ ಎತ್ತಿರಲಿಲ್ಲ. ಮಾಲೀಕರ ಕೈಪಿಡಿಯನ್ನೊಮ್ಮೆ ಬಿಡುವಾದಾಗ ಓದಿ. ಯಾವ ಕಂಪನಿಯದಾದರೂ ಸರಿ, ಕಠಿಣ ಬಳಕೆ ಎಂಬ ಒಂದು ಪುಟ ಇರುತ್ತದೆ. ನಿಂತು ನಿಂತು ಸಾಗುವ ಟ್ರಾಫಿಕ್ಕು, ಧೂಳಿನ ರಸ್ತೆ, ಹಳ್ಳದಿಣ್ಣೆಯ ರಸ್ತೆ, ಹೆಚ್ಚು ಹೊತ್ತು ಐಡ್ಲಿಂಗ್, ಹತ್ತಿರದ ಓಡಾಟ. ಓದುತ್ತಾ ಹೋದರೆ ಬೀದರಿನಿಂದ ಚಾಮರಾಜನಗರದವರೆಗಿನ ಅಷ್ಟೂ ಕರ್ನಾಟಕ ಆ ಪುಟದೊಳಗೆ ಹಿಡಿಸುತ್ತದೆ. ಕಠಿಣವಲ್ಲದ ಬಳಕೆ ಎಲ್ಲಿ ಉಂಟು ಎಂದರೆ ಜಾಹೀರಾತಿನಲ್ಲಿ ಉಂಟು. ಅಲ್ಲಿ ಒಂದೇ ಗಾಡಿ ಇರುತ್ತದೆ. ಹಿಮದ ಬೆಟ್ಟ, ಅದರ ಬುಡದಲ್ಲೊಂದು ಹೊಳೆ, ಸ್ಟಿಯರಿಂಗ್ ಹಿಂದೆ ಗಡ್ಡ ಬಿಟ್ಟ ಯುವಕ. ಅವನ ಹಿಂದೆ ಯಾರೂ ಹಾರ್ನ್ ಹೊಡೆಯುವುದಿಲ್ಲ.

ಅಷ್ಟಕ್ಕೂ ಎಸ್‌ಯುವಿ ಎಂದರೆ ಯಾವುದು? ಇದನ್ನು ತೀರ್ಮಾನಿಸಲು ದೇಶದ ಅಷ್ಟೂ ರಾಜ್ಯಗಳ ಮಂತ್ರಿಗಳು ಸಭೆ ಕೂಡಬೇಕಾಯಿತು ಎಂಬುದು ನನಗೆ ಬಲು ಇಷ್ಟವಾದ ಸಂಗತಿ. ಉದ್ದ 4 ಮೀಟರಿಗಿಂತ ಹೆಚ್ಚಿರಬೇಕು, ಇಂಜಿನ್ 1500 ಸಿಸಿ ದಾಟಿರಬೇಕು, ಹೊಟ್ಟೆಗೂ ನೆಲಕ್ಕೂ ನಡುವೆ 170 ಮಿಲಿಮೀಟರಾದರೂ ಜಾಗ ಇರಬೇಕು. ಆದರೆ ಆ 170ನ್ನು ಅಳೆಯುವುದು ಜನ ಕೂತಾಗಲೋ, ಖಾಲಿ ಇದ್ದಾಗಲೋ? ಜನ ಕೂತರೆ ಗಾಡಿ ಕುಗ್ಗುತ್ತದೆ, ಕುಗ್ಗಿದರೆ ತೆರಿಗೆಯೂ ಕುಗ್ಗುತ್ತದೆ. 2023ರ ಜುಲೈನಲ್ಲಿ ಜಿಎಸ್‌ಟಿ ಮಂಡಳಿಯ 50ನೇ ಸಭೆ ಇದನ್ನು ಕೂಲಂಕಷವಾಗಿ ಚರ್ಚಿಸಿ, ಖಾಲಿ ಗಾಡಿಯನ್ನೇ ಅಳೆಯತಕ್ಕದ್ದು ಎಂದು ಅಪ್ಪಣೆ ಕೊಟ್ಟಿತು. ಆಗ ಜಿಎಸ್‌ಟಿ 28, ಸೆಸ್ 22, ಒಟ್ಟು 50 ಪರ್ಸೆಂಟ್. 2025ರ ಸೆಪ್ಟೆಂಬರ್ 22ರಿಂದ ಅದು 40ಕ್ಕೆ ಇಳಿದಿದೆ, ನಾವೆಲ್ಲ ಕೃತಜ್ಞರಾಗಿದ್ದೇವೆ. ಅದರ ಮೇಲೆ ನಮ್ಮ ರಾಜ್ಯದ ಜೀವಿತಾವಧಿ ತೆರಿಗೆ. ಹತ್ತು ಲಕ್ಷ ದಾಟಿದ ಗಾಡಿಗೆ 17, ಇಪ್ಪತ್ತು ಲಕ್ಷ ದಾಟಿದರೆ 18 ಪರ್ಸೆಂಟ್, ಅದರ ಮೇಲೊಂದು ಸೆಸ್ಸು. ಗಾಡಿಯ ಹೊಟ್ಟೆಯನ್ನು ಮಿಲಿಮೀಟರ್ ಲೆಕ್ಕದಲ್ಲಿ ಅಳೆದ ಈ ದೇಶದಲ್ಲಿ ರಸ್ತೆಗುಂಡಿಯನ್ನು ನೀರು ತುಂಬಿದಾಗ ಅಳೆಯಬೇಕೋ, ಖಾಲಿ ಇದ್ದಾಗಲೋ ಎಂದು ತೀರ್ಮಾನಿಸಲು ಯಾವ ಮಂಡಳಿಯೂ ಇದುವರೆಗೆ ಸಭೆ ಸೇರಿಲ್ಲ.

ಗುಂಡಿಗೆ ಬಿದ್ದು ಮುಂದಿನ ಚಕ್ರದ ಹತ್ತಿರ ಕಟಕಟ ಶುರುವಾದರೆ ಅದಕ್ಕೂ ಉತ್ತರ ಸಿದ್ಧ: "ಎಕ್ಸ್‌ಟರ್ನಲ್ ಇಂಪ್ಯಾಕ್ಟ್ ಸಾರ್." ಗೇರ್ ಬದಲಾಗುವಾಗ ಜಗ್ಗಿದರೆ, "ಈ ಮಾಡೆಲ್ ನೇಚರೇ ಹಾಗೆ ಸಾರ್, ಬೇಕಾದ್ರೆ ಡೆಮೊ ಗಾಡೀನೂ ಓಡಿಸಿ ನೋಡಿ." ಓಡಿಸಿ ನೋಡಿದೆ. ಅದೂ ಜಗ್ಗಿತು. ಎರಡು ಗಾಡಿ ಕೆಟ್ಟಿದ್ದರೆ ಕೆಟ್ಟಿಲ್ಲ ಎಂದರ್ಥ. ಬಾನೆಟ್ಟಿನ ಕೆಳಗಿನ ವೈರನ್ನು ಇಲಿ ಕಡಿದರೆ ವಾರಂಟಿಯಂತೂ ಇಲ್ಲವೇ ಇಲ್ಲ. ಗಣಪತಿಯ ವಾಹನ ನಮ್ಮ ವಾಹನವನ್ನು ತಿಂದರೆ ಅದು ದೈವೇಚ್ಛೆ. ಸೆನ್ಸರಿನ ತೊಂದರೆಗೆ ಸಾಫ್ಟ್‌ವೇರ್ ಅಪ್‌ಡೇಟ್. ಅಪ್‌ಡೇಟಿನಿಂದ ಹುಟ್ಟಿದ ತೊಂದರೆಗೆ ಮುಂದಿನ ಅಪ್‌ಡೇಟ್. ಏನೂ ತೋಚದಿದ್ದರೆ "ಅಬ್ಸರ್ವೇಶನ್‌ನಲ್ಲಿ ಇಡೋಣ ಸಾರ್." ಅಬ್ಸರ್ವ್ ಮಾಡಬೇಕಾದವರು ನಾವೇ.

ಪೆಟ್ರೋಲ್ ಎಸ್‌ಯುವಿಯವರು ನಮ್ಮನ್ನು ನೋಡಿ ಸ್ವಲ್ಪ ದಿನ ನಕ್ಕರು. ಪ್ರಧಾನಿಗಳು 2023ರ ಫೆಬ್ರುವರಿ 6ರಂದು ಇ20, ಅಂದರೆ 20 ಪರ್ಸೆಂಟ್ ಎಥನಾಲ್ ಬೆರೆಸಿದ ಪೆಟ್ರೋಲಿಗೆ ಚಾಲನೆ ಕೊಟ್ಟದ್ದು ನಮ್ಮ ಬೆಂಗಳೂರಿನಲ್ಲೇ. ಹಳೆಯ ಗಾಡಿಗಳ ಕೈಪಿಡಿ ಎಥನಾಲ್ 10 ಪರ್ಸೆಂಟ್ ದಾಟಬಾರದು ಎನ್ನುತ್ತದೆ, ಬಂಕು 20 ಪರ್ಸೆಂಟಿನದನ್ನೇ ಕೊಡುತ್ತದೆ. ಎಥನಾಲ್ ಇಲ್ಲದ ಪೆಟ್ರೋಲನ್ನೂ ಆಯ್ಕೆಗೆ ಇಡಿ ಎಂದು ಕೇಳಿದ ಅರ್ಜಿಯನ್ನು 2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್ ವಜಾ ಮಾಡಿತು. ಈಗ ಅವರೂ ನಗುವುದಿಲ್ಲ.

ನೀರಿನ ವಿಷಯಕ್ಕೆ ಬರೋಣ. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು, ಯಮಲೂರು, ಹೊರವರ್ತುಲ ರಸ್ತೆ ಎಲ್ಲ ಕೆರೆಯಾದದ್ದು ನಿಮಗೆ ನೆನಪಿರಬಹುದು. ಕೆರೆಯಾದದ್ದು ಎನ್ನುವುದಕ್ಕಿಂತ ಕೆರೆಗಳು ತಮ್ಮ ಜಾಗಕ್ಕೆ ಒಂದು ವಾರ ಬಂದು ಹೋದವು ಎನ್ನಿ. ಜಾಹೀರಾತಿನಲ್ಲಿ ಹೊಳೆ ದಾಟಿದ ಎಸ್‌ಯುವಿಗಳೆಲ್ಲ ಬೇಸ್‌ಮೆಂಟಿನಲ್ಲಿ ಮುಳುಗಿ ಕೂತಿದ್ದವು. ಸಾಫ್ಟ್‌ವೇರ್ ಇಂಜಿನಿಯರುಗಳನ್ನು ಆಫೀಸಿಗೆ ಹೊತ್ತದ್ದು ಟ್ರ್ಯಾಕ್ಟರ್. ಆ ಟ್ರ್ಯಾಕ್ಟರಿಗೆ ಟಚ್‌ಸ್ಕ್ರೀನ್ ಇರಲಿಲ್ಲ, ಡಿಪಿಎಫ್ ಇರಲಿಲ್ಲ, ಡ್ರೈವರ್ ಅರವತ್ತರ ಮೇಲೆ ಓಡಿಸಿದ್ದನ್ನು ಜನ್ಮದಲ್ಲಿ ಯಾರೂ ಕಂಡಿರಲಿಲ್ಲ. ನಮ್ಮ ಗಾಡಿಗಳ ಪನೋರಮಿಕ್ ಸನ್‌ರೂಫ್ ಒಂದೆಲೆ ಸಿಕ್ಕಿಕೊಂಡರೂ ಸೀಟಿನ ಮೇಲೆ ಸೋರುತ್ತದೆ. ಟ್ರ್ಯಾಕ್ಟರಿನದು ಸೋರುವ ಪ್ರಶ್ನೆಯೇ ಇಲ್ಲ, ರೂಫೇ ಇಲ್ಲ.

ನೀರಿಳಿದ ಮೇಲೆ ಮಾಲೀಕ ಪಾಪ ಏನು ಮಾಡುತ್ತಾನೆ, ಕೀಲಿ ತಿರುಗಿಸುತ್ತಾನೆ. ಸಿಲಿಂಡರಿನೊಳಗೆ ನೀರು ಹೋಗಿದ್ದರೆ ಪಿಸ್ಟನ್ ಅದನ್ನು ಒತ್ತಲಾರದು, ಕನೆಕ್ಟಿಂಗ್ ರಾಡ್ ಬಾಗಿ ಇಂಜಿನ್ ಕತೆ ಮುಗಿಯುತ್ತದೆ. ಕಂಪನಿಯವರು, ಇದು ವಾರಂಟಿಗೆ ಬರದು, ಇನ್ಷೂರೆನ್ಸಿನವರನ್ನು ಕೇಳಿ ಎನ್ನುತ್ತಾರೆ. ಇನ್ಷೂರೆನ್ಸಿನವರು, ನೀರು ನುಗ್ಗಿದ್ದು ಪ್ರಕೃತಿ ವಿಕೋಪವೇ ಹೌದು, ಆದರೆ ಸ್ಟಾರ್ಟ್ ಮಾಡಿದ್ದು ನೀವಲ್ಲವೇ ಎನ್ನುತ್ತಾರೆ. ಇಂಜಿನ್ ಪ್ರೊಟೆಕ್ಷನ್ ಎಂಬ ಆಡ್-ಆನ್ ಬೇರೆ ದುಡ್ಡು ಕೊಟ್ಟು ತೆಗೆದುಕೊಳ್ಳದಿದ್ದರೆ ಹಣ ನಿಮ್ಮದೇ. ಅಂದರೆ ಸಾಮಾನ್ಯ ಪಾಲಿಸಿ ಇಂಜಿನ್ ಬಿಟ್ಟು ಗಾಡಿಯ ಉಳಿದ ಭಾಗವನ್ನು ನೀರಿನಿಂದ ಕಾಪಾಡುತ್ತದೆ.

ನಗಬಹುದು. ಆದರೆ ಏಳು ವರ್ಷದ ಸಾಲ ಮಾಡಿ ಗಾಡಿ ಕೊಂಡವನಿಗೆ ಇದರಲ್ಲಿ ನಗುವಂಥದ್ದು ಏನೂ ಇಲ್ಲ. ಗಾಡಿ ಅವರ ಶೆಡ್ಡಿನಲ್ಲಿ ನಿಂತಿರುತ್ತದೆ, ಕಂತು ಇವನ ಖಾತೆಯಿಂದ ಐದನೇ ತಾರೀಖು ತಪ್ಪದೆ ಹೋಗುತ್ತದೆ. ಪಾರ್ಟ್ ಬಂದಿಲ್ಲ, ಕಂಪನಿಗೆ ಮೇಲ್ ಹಾಕಿದ್ದೇವೆ, ಟೆಕ್ನಿಕಲ್ ಟೀಮ್ ಬರಬೇಕು, ಏರಿಯಾ ಮ್ಯಾನೇಜರ್ ರಜೆ. ಮಾರುವಾಗ ಮನೆ ಬಾಗಿಲಿಗೆ ಬಂದವರು ಈಗ ಫೋನ್ ಎತ್ತುವುದಿಲ್ಲ. ಬೆಲೆಯ ಅರ್ಧದಷ್ಟನ್ನು ತೆರಿಗೆಯಾಗಿ ಎಣಿಸಿಕೊಂಡ ಸರ್ಕಾರಗಳು ರಸ್ತೆ ಕೊಡಲಿಲ್ಲ, ಚರಂಡಿ ಕೊಡಲಿಲ್ಲ. ರಸ್ತೆ ಇಲ್ಲದ್ದಕ್ಕೆ ಗಾಡಿ ಕೆಟ್ಟರೆ ಅದು ಓಡಿಸಿದವನ ತಪ್ಪು. ಯಾರೂ ಯಾವುದಕ್ಕೂ ಹೊಣೆಯಲ್ಲ. ಇದನ್ನು ಬೇರೆ ರೀತಿ ಹೇಳುವ ಚಾತುರ್ಯ ನನಗೂ ಈಗ ಉಳಿದಿಲ್ಲ.

ಇರಲಿ, ಫೀಡ್‌ಬ್ಯಾಕ್ ವಿಚಾರ ಮರೆತಿದ್ದೆ. ಗಾಡಿ ಕೆಟ್ಟದ್ದು ಹಾಗೇ ಇದ್ದರೂ ತೊಳೆದು ಪಳಪಳ ಮಾಡಿ ಕೊಡುತ್ತಾರೆ. ಕೀಲಿ ಕೊಡುವಾಗ ಅಡ್ವೈಸರ್ ದನಿ ತಗ್ಗಿಸುತ್ತಾನೆ: "ಸಾರ್, ಕಂಪನಿಯಿಂದ ಕಾಲ್ ಬರುತ್ತೆ. ದಯವಿಟ್ಟು ಹತ್ತಕ್ಕೆ ಹತ್ತು ಕೊಡಿ. ಒಂಬತ್ತು ಕೊಟ್ರೂ ನಂಗೆ ಫೇಲ್ ಸಾರ್, ಇನ್ಸೆಂಟಿವ್ ಕಟ್." ಪಿಯುಸಿಯಲ್ಲಿ ಮೂವತ್ತೈದಕ್ಕೆ ಪಾಸಾದ ನಾಡು ನಮ್ಮದು, ಇಲ್ಲಿ ತೊಂಬತ್ತು ಪರ್ಸೆಂಟು ನಪಾಸು. ಅವನ ಮುಖ ನೋಡಿದರೆ ಕನಿಕರವಾಗುತ್ತದೆ. ಬೆಳಗ್ಗೆಯಿಂದ ಬೈಸಿಕೊಂಡದ್ದು ಅವನು. ಆ ಇಂಜಿನನ್ನು ವಿನ್ಯಾಸ ಮಾಡಿದವನಲ್ಲ, ವಾರಂಟಿಯ ಷರತ್ತು ಬರೆದ ವಕೀಲನೂ ಅಲ್ಲ. ಹತ್ತು ಕೊಡುತ್ತೇವೆ. ಎಲ್ಲರೂ ಕೊಡುತ್ತಾರೆ. ಆಮೇಲೆ ಗ್ರಾಹಕ ತೃಪ್ತಿಯಲ್ಲಿ ನಾವೇ ನಂಬರ್ ಒನ್ ಎಂದು ಕಂಪನಿ ಪೂರ್ಣ ಪುಟದ ಜಾಹೀರಾತು ಕೊಡುತ್ತದೆ.

ಹಟಮಾರಿಗಳಿಗೆ ಗ್ರಾಹಕರ ಆಯೋಗವಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಲು ಆಶಾವಾದಿ. ದೂರನ್ನು ಮೂರು ತಿಂಗಳಲ್ಲಿ, ಪ್ರಯೋಗಾಲಯದ ಪರೀಕ್ಷೆ ಬೇಕಾದರೆ ಐದು ತಿಂಗಳಲ್ಲಿ ಮುಗಿಸಲು ಪ್ರಯತ್ನಿಸಬೇಕು ಎನ್ನುತ್ತದೆ. ಪ್ರಯತ್ನ ನಡೆದೇ ಇರುತ್ತದೆ. ಪರೀಕ್ಷೆಯ ಶುಲ್ಕವನ್ನು ದೂರು ಕೊಟ್ಟವನೇ ಕಟ್ಟಬೇಕಾಗಬಹುದು. ದೋಷ ತಯಾರಿಕೆಯದ್ದೇ ಎಂದು ತೋರಿಸುವ ಭಾರವೂ ಅವನ ತಲೆಯ ಮೇಲೇ. ಕಂಪನಿಯ ಹತ್ತಿರ ಇಂಜಿನಿಯರುಗಳ ದಂಡಿರುತ್ತದೆ, ಇವನ ಹತ್ತಿರ ವಾಟ್ಸ್ಆ್ಯಪ್‌ನಲ್ಲಿ ರೆಕಾರ್ಡ್ ಮಾಡಿದ ಕಟಕಟ ಸದ್ದು. ಗೆದ್ದರೂ ಹೊಸ ಗಾಡಿ ಸಿಗುತ್ತದೆಂದು ಕನಸು ಕಾಣುವಂತಿಲ್ಲ. ವಾರಂಟಿ ಎಂದರೆ ಕೆಟ್ಟ ಭಾಗವನ್ನು ಸರಿಮಾಡುವುದು ಅಥವಾ ಬದಲಿಸುವುದು, ಇಡೀ ವಾಹನ ಕೊಡುವುದಲ್ಲ ಎಂದು 2006ರಲ್ಲೇ ಮಾರುತಿ ಕಾರಿನ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಆದರೂ ಅಪರೂಪಕ್ಕೆ ಒಂದು ಒಳ್ಳೆಯ ತೀರ್ಪು ಬರುತ್ತದೆ. 2017ರ ನವೆಂಬರಿನಲ್ಲಿ ದೆಹಲಿ–ಪಾಣಿಪತ್ ಹೆದ್ದಾರಿಯಲ್ಲಿ ಹ್ಯುಂಡೈ ಕ್ರೆಟಾ ಒಂದು ಅಪಘಾತಕ್ಕೀಡಾಯಿತು. ಏರ್‌ಬ್ಯಾಗ್ ತೆರೆದುಕೊಳ್ಳಲಿಲ್ಲ. ಮಾಲೀಕರ ತಲೆ, ಎದೆ, ಹಲ್ಲಿಗೆ ಪೆಟ್ಟಾಯಿತು. ಏರ್‌ಬ್ಯಾಗ್ ತೆರೆಯುವಷ್ಟು ಬಲದ ಹೊಡೆತ ಮುಂಭಾಗಕ್ಕೆ ಬಿದ್ದಿರಲಿಲ್ಲ ಎಂಬುದು ಕಂಪನಿಯ ವಾದ. ಎಂದರೆ ಗುದ್ದಿಸಿದ್ದು ಸಾಲದು, ಇನ್ನೂ ಸರಿಯಾಗಿ ಗುದ್ದಿಸಬೇಕಿತ್ತು. 2022ರ ಏಪ್ರಿಲ್ 20ರಂದು ಸುಪ್ರೀಂ ಕೋರ್ಟ್, ವೇಗ ಮತ್ತು ಬಲದ ಸಿದ್ಧಾಂತ ಹಿಡಿದು ಡಿಕ್ಕಿಯ ಪರಿಣಾಮವನ್ನು ಲೆಕ್ಕ ಹಾಕಲು ಗ್ರಾಹಕನೇನೂ ಭೌತಶಾಸ್ತ್ರದ ಪಂಡಿತನಾಗಿರಬೇಕಿಲ್ಲ ಎಂದು ಹೇಳಿ, ಪರಿಹಾರವನ್ನೂ ಬದಲಿ ವಾಹನವನ್ನೂ ಕೊಡಬೇಕೆಂಬ ಆದೇಶವನ್ನು ಎತ್ತಿಹಿಡಿಯಿತು. ಸರಿಯಾದ ಮಾತು. ಅಪಘಾತದಿಂದ ಆ ಮಾತಿನವರೆಗೆ ನಾಲ್ಕು ವರ್ಷ ಐದು ತಿಂಗಳು ಹಿಡಿಯಿತು. ಅಷ್ಟರಲ್ಲಿ ಯಾರೇ ಆದರೂ ಬಿಎಸ್‌ಸಿ ಫಿಸಿಕ್ಸ್ ಮುಗಿಸಿ ಎಂಎಸ್‌ಸಿ ಮೊದಲ ವರ್ಷವನ್ನೂ ಪಾಸು ಮಾಡಬಹುದಿತ್ತು.

ಆ ಒಂದು ಸಾಲನ್ನು ದೊಡ್ಡದಾಗಿ ಪ್ರಿಂಟ್ ಮಾಡಿಸಿ, ಚೌಕಟ್ಟು ಹಾಕಿಸಿ, ನಮ್ಮ ಸರ್ವಿಸ್ ಸೆಂಟರಿನ ಕಸ್ಟಮರ್ ಲೌಂಜಿನಲ್ಲಿ ತೂಗುಹಾಕಬೇಕೆಂದಿದ್ದೇನೆ. ಗೋಡೆಯಲ್ಲಿ ಜಾಗ ಖಾಲಿ ಇದೆ. ಅಲ್ಲಿದ್ದ ಕಾಫಿ ಮೆಷಿನ್ ಕೆಟ್ಟು ರಿಪೇರಿಗೆ ಒಯ್ದಿದ್ದಾರೆ, ಪಾರ್ಟ್ ಬರಬೇಕಂತೆ.