ಜೂನ್ ಒಂದರಂದು ಹುಟ್ಟಿದ ರಾಜ್ಯ

ಪತ್ರಿಕೆಗಳ ಮೂಲೆಯಲ್ಲಿ ‘ಇತಿಹಾಸದಲ್ಲಿ ಈ ದಿನ’ ಎಂಬ ಪುಟ್ಟ ಚೌಕವೊಂದು ಬರುತ್ತದಲ್ಲ, ಅದನ್ನು ಬರೆಯುವವರಿಗೆ ಜೂನ್ 1 ಎಂದರೆ ಸುಗ್ಗಿ. 1926ರಲ್ಲಿ ಮರ್ಲಿನ್ ಮನ್ರೋ ಹುಟ್ಟಿದ್ದು ಅಂದು, 1929ರಲ್ಲಿ ನರ್ಗಿಸ್ ಹುಟ್ಟಿದ್ದೂ ಅಂದೇ. ಮುಂಬೈ–ಪುಣೆ ನಡುವೆ ಡೆಕ್ಕನ್ ಕ್ವೀನ್ ರೈಲು ಓಡತೊಡಗಿದ್ದು 1930ರ ಜೂನ್ 1ಕ್ಕೆ. ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಜಾರಿಗೆ ಬಂದದ್ದು 1955ರ ಅದೇ ದಿನ. ನೇಪಾಳದ ರಾಜ ಬೀರೇಂದ್ರ ಅರಮನೆಯಲ್ಲೇ ಮನೆಮಂದಿಯೊಂದಿಗೆ ಗುಂಡಿಗೆ ಬಲಿಯಾದದ್ದು 2001ರಲ್ಲಿ, ಅದೂ ಜೂನ್ 1. ನಮಗಾಗಿಯೇ ಇನ್ನೊಂದು ಸಾಲು ಮೀಸಲಿದೆ: 1996ರ ಆ ದಿನ ಎಚ್.ಡಿ. ದೇವೇಗೌಡರು ದೆಹಲಿಯಲ್ಲಿ ಪ್ರಧಾನಿಯಾಗಿ ಪ್ರಮಾಣವಚನ ಸ್ವೀಕರಿಸಿದರು, ಇತ್ತ ಬೆಂಗಳೂರಿನಲ್ಲಿ ಮಾಜಿ ರಾಷ್ಟ್ರಪತಿ ನೀಲಂ ಸಂಜೀವ ರೆಡ್ಡಿಯವರು ತೀರಿಕೊಂಡರು. ಇಷ್ಟೆಲ್ಲ ನೆನಪಿಟ್ಟುಕೊಳ್ಳುವ ಆ ಚೌಕ, ಅಂದಿನ ಅತಿ ದೊಡ್ಡ ಘಟನೆಯನ್ನು ಮಾತ್ರ ವರ್ಷವರ್ಷವೂ ಬಿಟ್ಟುಬಿಡುತ್ತದೆ. ಕರ್ನಾಟಕದ ಅರ್ಧ ಸ್ಟಾಫ್ ರೂಮು ಹುಟ್ಟಿದ್ದೂ ಅಂದೇ.

ನಂಬಿಕೆ ಇಲ್ಲದವರು ಯಾವುದಾದರೂ ಸರ್ಕಾರಿ ಕಚೇರಿಯ ಸೇವಾ ಪುಸ್ತಕಗಳನ್ನು ತಿರುವಿ ಹಾಕಬಹುದು. ಗುಮಾಸ್ತರು ಜೂನ್ 1, ಮುಖ್ಯೋಪಾಧ್ಯಾಯರು ಜೂನ್ 1, ಅವರ ಮೇಲೆ ತನಿಖೆಗೆ ಬರುವ ಅಧಿಕಾರಿಯೂ ಜೂನ್ 1. ಮುಂದೆ ಯಾವುದೋ ಶತಮಾನದಲ್ಲಿ ಈ ಕಡತಗಳು ಸಂಶೋಧಕನೊಬ್ಬನ ಕೈಗೆ ಸಿಕ್ಕರೆ ಅವನು ಬೆವರು ಒರೆಸಿಕೊಂಡು ಪ್ರಬಂಧ ಬರೆಯುತ್ತಾನೆ: ಕನ್ನಡನಾಡಿನ ದಂಪತಿಗಳು ವರ್ಷವಿಡೀ ಕಠಿಣ ಬ್ರಹ್ಮಚರ್ಯ ಪಾಲಿಸಿ, ಗೌರಿ–ಗಣೇಶ ಹಬ್ಬದ ಆಸುಪಾಸಿನಲ್ಲಿ ಮಾತ್ರ ಅದನ್ನು ಸಡಿಲಿಸುತ್ತಿದ್ದರು. ಸೂಲಗಿತ್ತಿಯರು ಹನ್ನೊಂದು ತಿಂಗಳು ಕೈಕಟ್ಟಿ ಕುಳಿತು, ಒಂದೇ ದಿನ ಊರಿಂದೂರಿಗೆ ಓಡುತ್ತಿದ್ದರು. ಲೆಕ್ಕ ಹಾಕಿ ನೋಡಿ, ಒಂಬತ್ತು ತಿಂಗಳು ಸರಿಯಾಗಿಯೇ ಕೂಡಿಬರುತ್ತದೆ. ಅವನಿಗೆ ಪಿಎಚ್‌ಡಿ ಖಚಿತ.

ಈ ಪವಾಡದ ಹಿಂದಿದ್ದದ್ದು ಒಂದು ಮರದ ಮೇಜು, ಒಂದು ಮಸಿ ಕುಡಿಕೆ, ಮತ್ತು ದಾಖಲಾತಿ ರಿಜಿಸ್ಟರ್. ಶಾಲೆ ಶುರುವಾಗುವ ದಿನ, ಹೊರಗೆ ಮಳೆಯ ಮೋಡ, ಒಳಗೆ ಸೆರಗು ಹಿಡಿದು ಅಳುವ ಮಕ್ಕಳ ಸಾಲು. ಮೇಷ್ಟ್ರು ತಲೆ ಎತ್ತದೆ ಕೇಳುತ್ತಾರೆ:

“ಮಗು ಹುಟ್ಟಿದ್ದು ಯಾವಾಗ, ತಾಯಿ?”

“ದೊಡ್ಡ ಕೆರೆ ಕೋಡಿ ಬಿದ್ದ ವರ್ಷ ಸ್ವಾಮಿ. ಗೌರಿ ಹಬ್ಬ ಕಳೆದು ಒಂಬತ್ತನೆಯ ದಿನ. ಶುಕ್ರವಾರ, ದೀಪ ಹಚ್ಚುವ ಹೊತ್ತು.”

ಇಲ್ಲಿ ಒಂದು ಗಳಿಗೆ ನಿಲ್ಲಬೇಕು. ವರ್ಷ ಹೇಳಿದ್ದಾಳೆ, ತಿಥಿ ಹೇಳಿದ್ದಾಳೆ, ವಾರ ಹೇಳಿದ್ದಾಳೆ, ಹೊತ್ತನ್ನೂ ಹೇಳಿದ್ದಾಳೆ. ಗೋಡೆಗೆ ನೇತುಹಾಕಿದ್ದ ಪಂಚಾಂಗದ ಹಳೆಯ ಪ್ರತಿಯೊಂದನ್ನು ತೆಗೆದು ನೋಡಿದ್ದರೆ ತಾರೀಖು ತಾನಾಗಿ ಬೀಳುತ್ತಿತ್ತು. ಆದರೆ ರಿಜಿಸ್ಟರಿನಲ್ಲಿ ಕೆರೆಗೆ ಕಾಲಂ ಇಲ್ಲ, ಗೌರಿಗೂ ಇಲ್ಲ. ಹಿಂದೆ ಇನ್ನೂ ನಲವತ್ತು ತಾಯಂದಿರು, ಒಬ್ಬೊಬ್ಬರದೂ ಒಂದೊಂದು ಕೆರೆ. ಮೇಷ್ಟ್ರು ಹುಡುಗನ ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಿಸಿದರು. ಬೆರಳು ಮುಟ್ಟಿತು. ಅಂದರೆ ವಯಸ್ಸು ಇವತ್ತಿಗೆ ತುಂಬಿದೆ. ಇವತ್ತು ಜೂನ್ 1. ಹಾಗಾದರೆ ಹುಟ್ಟಿದ್ದೂ ಜೂನ್ 1. ಇದಕ್ಕಿಂತ ಶುದ್ಧವಾದ ತರ್ಕವನ್ನು ಯಾವ ನ್ಯಾಯಶಾಸ್ತ್ರದಲ್ಲೂ ಕಾಣೆ. ತಾರೀಖನ್ನು ಅಂಕಿಯಲ್ಲಿ ಬರೆದು, ಅಕ್ಷರದಲ್ಲೂ ಬರೆದು, ಹೆಬ್ಬೆಟ್ಟು ಒತ್ತಿಸಿಕೊಂಡು, “ಮುಂದಿನವರು” ಎಂದರು.

ಮೇಷ್ಟ್ರನ್ನು ಬೈಯುವುದು ಕೃತಘ್ನತೆ. ಅವರು ಬರೆದುಕೊಳ್ಳದೆ ಇದ್ದಿದ್ದರೆ ಆ ಹುಡುಗ ಎಮ್ಮೆಯ ಹಿಂದೆ ಹೋಗುತ್ತಿದ್ದ. ಕೆಲವರಂತೂ ದೂರಾಲೋಚನೆಯಿಂದ, ಮುಂದೆ ನೌಕರಿಗೆ ಅನುಕೂಲವಾಗಲಿ ಎಂದು ಒಂದೆರಡು ವರ್ಷ ಉದಾರವಾಗಿ ಬಿಟ್ಟುಕೊಟ್ಟರು. ಆ ಔದಾರ್ಯದ ಫಲವಾಗಿ ಎಷ್ಟೋ ಮನೆಗಳಲ್ಲಿ ಅಣ್ಣ ಹುಟ್ಟಿದ ಐದೇ ತಿಂಗಳಿಗೆ ತಮ್ಮನೂ ಹುಟ್ಟಿದ್ದಾನೆ. ವೈದ್ಯಲೋಕ ಗಮನಿಸಿಲ್ಲ, ಅಷ್ಟೆ.

ಮೇಷ್ಟ್ರ ಲೇಖನಿಯ ಬೆಲೆ ಎಷ್ಟೆಂದು ತಿಳಿಯಬೇಕಿದ್ದರೆ ದಾವಣಗೆರೆಯನ್ನು ನೆನೆಯಿರಿ. ತಂದೆತಾಯಿ ಓದುಬರಹ ಬಲ್ಲವರಲ್ಲ, ತಾರೀಖು ಶಾಲೆಯಲ್ಲಿ ಮೇಷ್ಟ್ರು ಬರೆದದ್ದು ಎಂದು ಸಿದ್ದರಾಮಯ್ಯನವರೇ ಹೇಳಿಕೊಂಡಿದ್ದಾರೆ. ಆ ಆಗಸ್ಟ್ 3ಕ್ಕೆ ಎಪ್ಪತ್ತೈದು ತುಂಬಿತೆಂದು 2022ರಲ್ಲಿ ಅಲ್ಲಿ ಲಕ್ಷಾಂತರ ಜನ ಸೇರಿದರು. ಯಾರೋ ಒಬ್ಬ ಮೇಷ್ಟ್ರು ಯಾವುದೋ ಒಂದು ಮುಂಜಾನೆ ಬೇರೆ ಅಂಕಿ ಗೀಚಿದ್ದರೆ ಶಾಮಿಯಾನದವರು ಬೇರೆ ದಿನ ಮುಂಗಡ ಪಡೆಯುತ್ತಿದ್ದರು.

ಮನುಷ್ಯರ ಮಾತು ಬಿಡಿ, ಮಳೆಗೂ ಇಲಾಖೆ ಇದೇ ತಾರೀಖು ಬರೆದುಕೊಟ್ಟಿದೆ. ನೈರುತ್ಯ ಮುಂಗಾರು ಕೇರಳಕ್ಕೆ ಕಾಲಿಡಬೇಕಾದ ಅಧಿಕೃತ ದಿನ ಜೂನ್ 1. ಅದೋ ಶಾಲೆಗೆ ಹೋದ ಜಾತಿಯಲ್ಲ. 2023ರಲ್ಲಿ ಜೂನ್ 8ಕ್ಕೆ ಬಂತು, 2024ರಲ್ಲಿ ಮೇ 30ಕ್ಕೆ ಬಂತು, 2025ರಲ್ಲಿ ಮೇ 24ಕ್ಕೇ ಬಂದು ಬಾಗಿಲು ತಟ್ಟಿತು. ಆದರೆ ಹವಾಮಾನ ಇಲಾಖೆಯ ಮುಂಗಾರು ಲೆಕ್ಕದ ಪುಸ್ತಕ ತೆರೆಯುವುದು ಜೂನ್ 1ಕ್ಕೆ, ಮುಚ್ಚುವುದು ಸೆಪ್ಟೆಂಬರ್ 30ಕ್ಕೆ. ಹೀಗಾಗಿ ಆ ವರ್ಷ ಮೇ ಕೊನೆಯ ವಾರ ಸುರಿದ ಮುಂಗಾರು ಮಳೆ ದಾಖಲೆಯಲ್ಲಿ ಮುಂಗಾರು ಪೂರ್ವ ಮಳೆ ಎನಿಸಿಕೊಂಡಿತು. ತೋಯ್ದವರು ತೋಯ್ದದ್ದು ನಿಜವಾದರೂ ಅವಧಿಗೆ ಮುಂಚೆ ತೋಯ್ದಿದ್ದರು. ರೋಹಿಣಿ ಮಳೆ ಎಂದು ಕರೆದು ಬಿತ್ತನೆಗೆ ಇಳಿಯುವ ರೈತನಿಗೆ ಈ ತಾಪತ್ರಯವಿಲ್ಲ.

ಈ ಜನನೋತ್ಸವದ ಫಲಿತಾಂಶ ಅರವತ್ತು ವರ್ಷದ ಬಳಿಕ, ಮೇ 31ರಂದು ಹೊರಬೀಳುತ್ತದೆ. ಅಂದು ಊರಿನಲ್ಲಿ ಮೈಸೂರು ಪೇಟ ಸಿಗುವುದಿಲ್ಲ. ಇದ್ದ ಪೇಟಗಳೆಲ್ಲ ತಲೆಗೇರಿರುತ್ತವೆ. ಏಲಕ್ಕಿ ಹಾರಕ್ಕೆ ವಾರದ ಮೊದಲೇ ಹೇಳಿಡಬೇಕು. ವೇದಿಕೆಯ ಮೇಲೆ ಹಣ್ಣಿನ ಬುಟ್ಟಿ ಹಿಡಿದು ಕುಳಿತವರು ಎಂಟು ಜನ, ಕೆಳಗೆ ಚಪ್ಪಾಳೆ ತಟ್ಟಲು ಉಳಿದವರು ಐದು ಜನ. ಸ್ವಾಗತ ಕೋರಿದವರು ಕೂಡಲೇ ಶಾಲು ಹೊದ್ದು ಸನ್ಮಾನಿತರ ಸಾಲಿಗೆ ಸೇರುತ್ತಾರೆ. ಅಧ್ಯಕ್ಷರು “ಇವರ ಸ್ಥಾನ ತುಂಬಲಾಗದ ನಷ್ಟ” ಎನ್ನುತ್ತಾರೆ. ಇದೊಂದು ಮಾತು ಅಕ್ಷರಶಃ ಸತ್ಯ, ಏಕೆಂದರೆ ಆ ಸ್ಥಾನಗಳನ್ನು ಸರ್ಕಾರ ತುಂಬುವುದೇ ಇಲ್ಲ. ಪಿಂಚಣಿ ಕಡತ ಎಲ್ಲಿಗೆ ಬಂತೆಂದು ಯಾರಾದರೂ ವಿಚಾರಿಸಿದರೆ, ಅದನ್ನು ನೋಡಿಕೊಳ್ಳುತ್ತಿದ್ದ ಗುಮಾಸ್ತರು ಬಲಗಡೆಯಿಂದ ಮೂರನೆಯವರು, ಹಾರದ ಮರೆಯಲ್ಲಿ ಕುಳಿತಿದ್ದಾರೆ. ಹೊಸ ಶೈಕ್ಷಣಿಕ ವರ್ಷದಲ್ಲಿ ಮಕ್ಕಳು ಶಾಲೆಯ ಒಳಗೆ ಬರುವ ಹೊತ್ತಿಗೆ ಸರಿಯಾಗಿ ಮೇಷ್ಟ್ರುಗಳು ಹೊರಗೆ ಹೋಗುತ್ತಾರೆ. ನೆರೆಯ ಕೇರಳದಲ್ಲೂ ಮೇ 31 ಎಂದರೆ ಇದೇ ಜಾತ್ರೆ.

ಜೂನ್ 1ರಂದು ಹುಟ್ಟಿದವರು ಮೇ 31ಕ್ಕೇಕೆ ಮನೆಗೆ ಹೋಗುತ್ತಾರೆ ಎಂದು ಕೇಳಬಹುದು. ನಿಯಮ ಸೊಗಸಾಗಿದೆ. ತಿಂಗಳ ನಡುವೆ ಹುಟ್ಟಿದವರು ಆ ತಿಂಗಳ ಕೊನೆಯ ದಿನ ನಿವೃತ್ತರಾಗುತ್ತಾರೆ. ಒಂದನೆಯ ತಾರೀಖು ಹುಟ್ಟಿದವರು ಮಾತ್ರ ಹಿಂದಿನ ತಿಂಗಳ ಕೊನೆಯ ದಿನ. ಮೇಷ್ಟ್ರು ಅಂದು ಜ್ವರ ಬಂದು ರಜೆ ಹಾಕಿ, ಮರುದಿನ ಜೂನ್ 2 ಎಂದು ಬರೆದಿದ್ದರೆ, ಅದೇ ಹುಡುಗ ಜೂನ್ 30ರ ತನಕ ಕುರ್ಚಿಯಲ್ಲಿ ಕುಳಿತು ಇನ್ನೊಂದು ತಿಂಗಳ ಸಂಬಳ ಎಣಿಸುತ್ತಿದ್ದ. ಒಂದು ದಿನದ ಜ್ವರಕ್ಕೆ ಒಂದು ತಿಂಗಳ ಸಂಬಳ. ತಾಯಿ ಹೇಳಿದ ಗೌರಿ ಹಬ್ಬವನ್ನು ನಂಬಿದ್ದರಂತೂ ಸೆಪ್ಟೆಂಬರ್ ಕೊನೆಯವರೆಗೆ ಕದಲುವಂತಿರಲಿಲ್ಲ.

ಸರಿ, ಈಗಲಾದರೂ ತಿದ್ದಿಸೋಣ ಎಂದು ಹೊರಟವರಿಗೆ ಸರ್ಕಾರ ಬಾಗಿಲು ಹಾಕಿ ಅಗುಳಿ ಜಡಿದಿದೆ. ಇದಕ್ಕೆಂದೇ 1974ರಲ್ಲಿ ರಾಜ್ಯ ನೌಕರರ ವಯಸ್ಸು ನಿರ್ಧರಿಸುವ ಪ್ರತ್ಯೇಕ ಕಾಯ್ದೆಯೇ ಬಂತು. ದಾಖಲಾದ ತಾರೀಖನ್ನು ಪ್ರಶ್ನಿಸಲು ನೌಕರನಿಗೆ ಸಿಗುವುದು ಮೂರು ವರ್ಷ. ಅಷ್ಟರೊಳಗೆ ತಾನು ಬೇರೆ ದಿನ ಹುಟ್ಟಿದ್ದೆನೆಂದು ನೆನಪಾಗದಿದ್ದರೆ ಮುಗಿಯಿತು, ಬಾಕಿ ಆಯುಷ್ಯವೆಲ್ಲ ಮೇಷ್ಟ್ರು ಹೇಳಿದ ದಿನವೇ ಹುಟ್ಟಿರಬೇಕು. ಶಾಸನಸಭೆ ಒಂದು ಕಲ್ಪಿತ ತಾರೀಖಿಗೆ ಇಷ್ಟು ಗಟ್ಟಿಯಾದ ಕೋಟೆ ಕಟ್ಟಿದ್ದನ್ನು ಕಂಡರೆ, ನಿಜವಾದ ತಾರೀಖುಗಳಿಗೆ ಹೊಟ್ಟೆಕಿಚ್ಚಾಗಬೇಕು.

ಸಾಮಾನ್ಯ ಗುಮಾಸ್ತನ ಪಾಡು ಇರಲಿ, ಭೂಸೇನೆಯ ಮುಖ್ಯಸ್ಥರೇ ಈ ಕೋಟೆಗೆ ತಲೆ ಚಚ್ಚಿಕೊಂಡು ಹಿಂದಿರುಗಿದ್ದಾರೆ. ಜನರಲ್ ವಿ.ಕೆ. ಸಿಂಗ್ ಅವರ ಮೆಟ್ರಿಕ್ ಪ್ರಮಾಣಪತ್ರದಲ್ಲಿ 1951ರ ಮೇ 10, ಸೇನೆಗೆ ಸೇರಲು ತುಂಬಿದ ಅರ್ಜಿಯಲ್ಲಿ 1950ರ ಮೇ 10. ಹತ್ತು ಲಕ್ಷಕ್ಕೂ ಮೀರಿದ ಸೈನ್ಯ ಬೆನ್ನಿಗಿದ್ದರೂ ಒಂದು ಅಂಕಿಯನ್ನು ಅಲುಗಿಸಲಾಗಲಿಲ್ಲ. 2012ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟಿನಿಂದ ಅರ್ಜಿ ಹಿಂಪಡೆದರು. ನಿವೃತ್ತರಾದದ್ದು ಯಾವಾಗ ಎನ್ನುತ್ತೀರಿ? ಮೇ 31ಕ್ಕೆ.

ಇಷ್ಟಾದ ಮೇಲೆ ಕಂಪ್ಯೂಟರ್ ಬಂತು. ಬೆರಳಚ್ಚು ಕೊಟ್ಟಾಯಿತು, ಕಣ್ಣುಗುಡ್ಡೆ ತೋರಿಸಿಯಾಯಿತು, ಇನ್ನು ಸುಳ್ಳಿಗೆ ಎಡೆಯಿಲ್ಲ ಎಂದರು. ಆದರೆ ತಾರೀಖು ಗೊತ್ತಿಲ್ಲ ಎಂದವರ ಬಗ್ಗೆ ಆಧಾರ್ ಯಂತ್ರವೂ ಹಳೆಯ ಮೇಷ್ಟ್ರ ಹಾದಿಯನ್ನೇ ಹಿಡಿಯಿತು, ಜನವರಿ 1 ಎಂದು ಹಾಕಿತು. 2017ರಲ್ಲಿ ಹರಿದ್ವಾರದ ಬಳಿಯ ಗೈಂಡಿ ಖಾತಾ ಎಂಬ ಹಳ್ಳಿಯಲ್ಲಿ ನೂರಾರು ಮನೆಗಳ ಜನರೆಲ್ಲ ಜನವರಿ 1ರಂದೇ ಹುಟ್ಟಿದ್ದು ಸುದ್ದಿಯಾಯಿತು. ನಮ್ಮವರು ಅದನ್ನು ಓದಿ ನಕ್ಕರು, ನಕ್ಕವರ ಜೇಬಿನಲ್ಲಿದ್ದ ಕಾರ್ಡಿನಲ್ಲಿ 01/06 ಎಂದಿತ್ತು. ಮೇಷ್ಟ್ರಾದರೂ ಹುಡುಗನ ಕಿವಿ ಮುಟ್ಟಿಸಿ ನೋಡಿದ್ದರು ಎಂಬುದನ್ನು ಇಲ್ಲಿ ಅವರ ಪರವಾಗಿ ದಾಖಲಿಸುತ್ತೇನೆ.

ಅವರ ಪರವಾಗಿ ಸುಪ್ರೀಂ ಕೋರ್ಟೂ ನಿಂತಿತು. 2024ರ ಅಕ್ಟೋಬರಿನಲ್ಲಿ, ರಸ್ತೆ ಅಪಘಾತದ ಪರಿಹಾರದ ಮೊಕದ್ದಮೆಯೊಂದರಲ್ಲಿ ಸತ್ತವರ ವಯಸ್ಸು ಯಾವುದು ಎಂಬ ಪ್ರಶ್ನೆ ಬಂದಾಗ, ಆಧಾರ್ ಹುಟ್ಟಿದ ದಿನಕ್ಕೆ ಪುರಾವೆಯಲ್ಲ, ಶಾಲೆ ಬಿಟ್ಟ ಪ್ರಮಾಣಪತ್ರವನ್ನೇ ಒಪ್ಪಬೇಕು ಎಂದಿತು. ಕಣ್ಣುಗುಡ್ಡೆ ಸೋತಿತು, ಮಸಿ ಕುಡಿಕೆ ಗೆದ್ದಿತು. ಈಗ ಬ್ಯಾಂಕಿನಲ್ಲಿ ಒಂದು ತಾರೀಖು, ಆಧಾರಿನಲ್ಲಿ ಇನ್ನೊಂದು, ಮನೆಯ ಜಾತಕದಲ್ಲಿ ಮತ್ತೊಂದು ಇರುವ ಹಿರಿಯರು ಕಿಟಕಿಯಿಂದ ಕಿಟಕಿಗೆ ಅಲೆಯುತ್ತಿದ್ದಾರೆ. ಎಲ್ಲ ಕಿಟಕಿಯಲ್ಲೂ ಒಂದೇ ಮಾತು: “ಹುಟ್ಟಿದ ದಿನ ಹೊಂದಿಕೆಯಾಗುತ್ತಿಲ್ಲ ಸಾರ್.” ತಾರೀಖನ್ನು ಹುಟ್ಟಿಸಿದ್ದು ಸರ್ಕಾರಿ ಶಾಲೆ, ಅದಕ್ಕೆ ರುಜುವಾತು ಕೇಳುವುದು ಸರ್ಕಾರಿ ಕಚೇರಿ, ಎರಡರ ನಡುವೆ ಅಫಿಡವಿಟ್ಟಿಗೆ ಛಾಪಾ ಕಾಗದ ಕೊಳ್ಳುವುದು ಮಾತ್ರ ಹುಟ್ಟಿದವನ ಪಾಲಿಗೆ.

ಈ ವಂಶ ಇನ್ನು ಬೆಳೆಯುವುದಿಲ್ಲ. 2023ರ ಅಕ್ಟೋಬರ್ 1ರಿಂದೀಚೆಗೆ ಹುಟ್ಟಿದವರಿಗೆ ಶಾಲೆಗೆ ಸೇರಲೂ ಪಾಸ್‌ಪೋರ್ಟಿಗೂ ಜನನ ಪ್ರಮಾಣಪತ್ರವೇ ದಾಖಲೆ ಎಂದು ಕಾಯ್ದೆ ತಿದ್ದಿದ್ದಾರೆ. ಹೆರಿಗೆಯಾದ ಗಳಿಗೆಯೇ ಕಂಪ್ಯೂಟರಿನಲ್ಲಿ ಕೂರುತ್ತದೆ. ಹಾಗಾದರೆ ಜೂನ್ 1ರ ಕಾಟ ತಪ್ಪಿತು ಎಂದುಕೊಂಡಿರಾ? ಒಂದನೆಯ ತರಗತಿಗೆ ಸೇರಲು ಜೂನ್ 1ಕ್ಕೆ ಆರು ವರ್ಷ ತುಂಬಿರಲೇಬೇಕು ಎಂದು ರಾಜ್ಯ ಸರ್ಕಾರ ಆದೇಶ ಮಾಡಿತು. ಜೂನ್ 2ಕ್ಕೆ ಹುಟ್ಟಿದ ಮಗುವಿಗೆ ಒಂದು ದಿನಕ್ಕಾಗಿ ಒಂದು ವರ್ಷ ಖೋತಾ. ತಾಯಿತಂದೆಯರ ಗಲಾಟೆ ತಡೆಯಲಾರದೆ 2025–26ರ ಸಾಲಿಗೆ ಮಾತ್ರ ಐದು ವರ್ಷ ಐದು ತಿಂಗಳಿಗೆ ಸಡಿಲಿಸಿದರು.

ಈಗ ಬೆಂಗಳೂರಿನ ಅಪ್ಪ–ಅಮ್ಮಂದಿರು ಶಾಲೆಯ ಗೇಟಿನಲ್ಲಿ ಆಸ್ಪತ್ರೆಯ ಮುದ್ರೆ ಬಿದ್ದ ಅಪ್ಪಟ ಪ್ರಮಾಣಪತ್ರ ಹಿಡಿದು, ಒಂದೇ ಒಂದು ದಿನ ಹಿಂದಕ್ಕೆ ಹಾಕಿ ಬರೆದುಕೊಳ್ಳುವ ಪುಣ್ಯಾತ್ಮ ಯಾರಾದರೂ ಇದ್ದಾರೆಯೇ ಎಂದು ಹುಡುಕುತ್ತಿದ್ದಾರೆ. ಇದ್ದರು. ಎಲ್ಲರೂ ಮೇ 31ಕ್ಕೆ ನಿವೃತ್ತರಾದರು.