ಹದಿನಾರು ಗಂಟೆ ನಿದ್ದೆಯ ಲೆಕ್ಕ

ಹುಟ್ಟಿದ ಮಗು ದಿನಕ್ಕೆ 14ರಿಂದ 17 ಗಂಟೆ ಮಲಗುತ್ತದೆ ಅಂತ ಬಸುರಿಯಾಗಿದ್ದಾಗ ಓದಿದ್ದೆ. ಓದಿದ ಕೂಡಲೇ ಲೆಕ್ಕ ಹಾಕಿದೆ. 16 ಅಂತಲೇ ಇಟ್ಟುಕೊಳ್ಳೋಣ. ಅದರಲ್ಲಿ ನಾನು 8 ಗಂಟೆ ಮಲಗಿದರೂ ಇನ್ನು 8 ಗಂಟೆ ಕೈಯಲ್ಲೇ ಉಳಿಯಿತಲ್ಲ! ಬೀರು ಜೋಡಿಸಬೇಕು, ಅರ್ಧಕ್ಕೆ ಬಿಟ್ಟ ಸ್ವೆಟರ್ ಮುಗಿಸಬೇಕು, ಮೂರು ದಪ್ಪ ಕಾದಂಬರಿ ಓದಬೇಕು. ಕಾದಂಬರಿಗಳನ್ನು ಹಾಸಿಗೆ ಪಕ್ಕ ಪೇರಿಸಿಯೂ ಇಟ್ಟೆ.

ಓದಿದ್ದು ಸುಳ್ಳೇನಲ್ಲ. ಮಗಳು ಅಷ್ಟೂ ಗಂಟೆ ಮಲಗಿದಳು. ನಾನು ಇಡಿಗಂಟಾಗಿ ಸಿಗುತ್ತದೆ ಅಂದುಕೊಂಡಿದ್ದೆ, ಅವಳು ಚಿಲ್ಲರೆಯಲ್ಲಿ ಕೊಟ್ಟಳು. ಒಮ್ಮೆ ಮುಕ್ಕಾಲು ಗಂಟೆ, ಒಮ್ಮೆ ಇಪ್ಪತ್ತು ನಿಮಿಷ. ನಡುನಡುವೆ ಹಾಲು, ದಿನಕ್ಕೆ 8ರಿಂದ 12 ಸಲ. ಒಂದು ಸಲ ಅಂದರೆ ಸುಮ್ನೆ ಕುಡಿಸಿ ಎದ್ದುಬಿಡುವುದಲ್ಲ. ಹೆಗಲಿಗೆ ಹಾಕಿ ತೇಗು ಬರಿಸಬೇಕು. ತೇಗಿನ ಜೊತೆ ಬೆನ್ನಿಗಿಳಿದ ಹಾಲು ಒರೆಸಿಕೊಳ್ಳಬೇಕು. ಅಷ್ಟರಲ್ಲಿ ಡೈಪರ್ ಒದ್ದೆ. ಅದನ್ನು ಬದಲಿಸುವಾಗ ಪೂರ್ತಿ ಎಚ್ಚರ. ಇದೆಲ್ಲ ಮುಗಿಯುವ ಹೊತ್ತಿಗೆ ಮತ್ತೆ ಹಸಿವು.

ಹಗಲು ಯಾವುದು, ರಾತ್ರಿ ಯಾವುದು ಅಂತ ಮೈಗೆ ಹತ್ತಲು ಮಗುವಿಗೆ ಎರಡು ಮೂರು ತಿಂಗಳಾದರೂ ಬೇಕಂತೆ. ನನಗೆ ಅದು ಮರೆತುಹೋಗಲು ನಾಲ್ಕೇ ದಿನ ಸಾಕಾಯಿತು.

ಹೆಗಲ ಮೇಲೆ ನಿದ್ದೆ ಹೋದ ಮಗುವನ್ನು ಹಾಸಿಗೆಗೆ ಇಳಿಸುವುದಿದೆಯಲ್ಲ, ಅದು ಪಳಗಿದ ಕಳ್ಳರಿಗೂ ಬಾರದ ವಿದ್ಯೆ. ಒಂದು ರಾತ್ರಿ ಎರಡೂವರೆಗೆ ಉಸಿರು ಬಿಗಿಹಿಡಿದು ಬಗ್ಗಿದೆ. ಮೊದಲು ಕಾಲು ತಾಗಿಸಿದೆ, ಆಮೇಲೆ ಸೊಂಟ, ಆಮೇಲೆ ಬೆನ್ನು. ತಲೆ ಹಾಸಿಗೆಗೆ ತಾಗುವುದಕ್ಕೆ ಒಂದಿಂಚು ಇತ್ತು. ನನ್ನ ಮಂಡಿ ಲಟಕ್ ಅಂದಿತು. ಮಗಳು ಎರಡೂ ಕೈ ಅಗಲಿಸಿ, ಮರದಿಂದ ಬಿದ್ದವಳ ಹಾಗೆ ಬೆಚ್ಚಿದಳು. ತಲೆ ಚೂರು ಜೋತರೂ ಎಳೆಕೂಸುಗಳು ಹೀಗೆ ಬೆಚ್ಚುವುದು ಸಹಜ, ಕೆಲವು ತಿಂಗಳಲ್ಲಿ ತಾನೇ ಹೋಗುತ್ತದೆ ಅಂತ ವೈದ್ಯರು ಹೇಳಿದ್ದರು. ಕೆಲವು ತಿಂಗಳು! ಎಷ್ಟು ಸಲೀಸಾಗಿ ಹೇಳಿಬಿಟ್ಟರು.

ಎರಡನೇ ಸಲ ಇಳಿಸಿದ್ದೂ ಆಯಿತು, ಅವಳು ಮಲಗಿದ್ದೂ ಆಯಿತು. ಆದರೆ ನನ್ನ ಎಡಗೈ ಅವಳ ತಲೆಯ ಕೆಳಗೇ ಸಿಕ್ಕಿಕೊಂಡಿತ್ತು. ಎಳೆಯುವ ಧೈರ್ಯ ಬರಲಿಲ್ಲ. ಮಂಡಿಯೂರಿ, ಹಾಸಿಗೆಯ ಅಂಚಿಗೆ ಗಲ್ಲ ಊರಿ ಕೂತೆ. ಕೈ ಜೋಮು ಹಿಡಿಯಿತು. ಇನ್ನೇನು ಬೆರಳು ಒಂದೊಂದಾಗಿ ಬಿಡಿಸಿಕೊಂಡೆ ಅನ್ನುವಾಗ ಪಕ್ಕದ ಕೋಣೆಯಲ್ಲಿ ಇವರು ಸೀನಿದರು. ಒಂದಲ್ಲ, ಮೂರು. ಆ ರಾತ್ರಿ ನಾನು ಅವರಿಗೆ ಏನಂದೆ ಅನ್ನುವುದು ಇಲ್ಲಿ ಬೇಡ.

ಹತ್ತನೇ ದಿನ ಮಗಳು ನಿದ್ದೆಯಲ್ಲಿ ನನ್ನ ನೋಡಿ ನಕ್ಕಳು ಅಂತ ಊರಿಗೆಲ್ಲ ಸಾರಿದ್ದೆ. "ಕಣ್ಣು ಮುಚ್ಕೊಂಡು ನಿನ್ನ ಹೇಗೆ ನೋಡಿದ್ಲೇ?" ಅಂದರು ಅಮ್ಮ. ನಿಜವಾದ ನಗು ಬಂದಿದ್ದು ಏಳನೇ ವಾರ. ತಲೆ ಬಾಚದೆ, ಅಂಗಿ ತಿರುವುಮುರುವು ಹಾಕಿಕೊಂಡು ಅವಳ ಮುಂದೆ ಬಗ್ಗಿದ್ದೆ. ಅವಳು ನಕ್ಕಿದ್ದರಲ್ಲಿ ತಪ್ಪೇನಿಲ್ಲ.

ಆ ಕಾದಂಬರಿಗಳಾ? ಎರಡು ದಿಂಬಿನ ಕೆಳಗಿವೆ. ಹಾಲು ಕುಡಿಸುವಾಗ ಮೊಣಕೈಗೆ ಸರಿಯಾದ ಎತ್ತರ. ಮೂರನೆಯದರ ಮೊದಲ ಪುಟ ಬಾಯಿಪಾಠವಾಗಿದೆ. ಅದರಲ್ಲಿ ಬಸ್ಸು ಹತ್ತಿದ ನಾಯಕ ಇನ್ನೂ ಇಳಿದಿಲ್ಲ.