ಮೋಟಾರ್ ಆಮೇಲೆ, ಮೊದಲು ಟೈರ್ ನೋಡ್ರಪ್ಪಾ

ಬೆಳಗ್ಗೆಯಿಂದ ತಲೆ ಬಿಸಿಯಾಗಿ ಕೂತಿದೀನಿ, ಬರೆದು ಮುಗಿಸದೆ ಇದ್ರೆ ರಾತ್ರಿ ನಿದ್ದೆ ಬರಲ್ಲ, ಅದಕ್ಕೇ ಬರೀತಿದೀನಿ, ಉದ್ದ ಆಗುತ್ತೆ, ಓದೋರು ಓದಿ.

ಇವತ್ತು ನಾವು ಆರ್‌ಸಿ ಕಾರು, ಅಂದ್ರೆ ರಿಮೋಟಲ್ಲಿ ಓಡೋ ಪುಟ್ಟ ಕಾರು, ಓಡಿಸೋ ಜಾಗಕ್ಕೆ ಒಬ್ಬ ಹುಡುಗ ಬಂದಿದ್ದ. ಹದಿಮೂರೋ ಹದಿನಾಲ್ಕೋ ಇರಬೇಕು. 1/10 ಸ್ಕೇಲಿನ (ನಿಜವಾದ ಕಾರಿನ ಹತ್ತನೇ ಒಂದು ಅಳತೆ) ಟೂ ವೀಲ್ ಡ್ರೈವ್ ಬಗ್ಗಿ, ಅಂದ್ರೆ ಹಿಂದಿನ ಎರಡು ಚಕ್ರಕ್ಕೆ ಮಾತ್ರ ಮೋಟಾರಿನ ಬಲ ಹೋಗೋ ಮಣ್ಣಿನ ಕಾರು, ಅವನದೇ ಮೊದಲ ಕಾರು, ಮೇಲಿನ ಕವಚಕ್ಕೆ ಅವನೇ ಕೂತು ಬಣ್ಣ ಬಳಿದಿದ್ದ, ಕಿಟಕಿ ಅಂಚಲ್ಲಿ ಬಣ್ಣ ಸ್ವಲ್ಪ ಒಳಗೆ ಸೋರಿತ್ತು, ಆದ್ರೆ ಎಷ್ಟು ಆಸೆಯಿಂದ ಮಾಡಿದಾನೆ ಅಂತ ನೋಡಿದ ತಕ್ಷಣ ಗೊತ್ತಾಗ್ತಿತ್ತು. ಡಬ್ಬದಲ್ಲಿ ಬಂದ ಸಾಧಾರಣ ಬ್ರಷ್ಡ್ ಮೋಟಾರ್ ತೆಗೆದು ಹೆಚ್ಚು ಶಕ್ತಿಯ ದೊಡ್ಡ ಬ್ರಷ್‌ಲೆಸ್ ಮೋಟಾರ್ ಹಾಕಿಸಿದಾರೆ, ಮೇಲೆ 3ಎಸ್ ಲಿಪೋ, ಅಂದ್ರೆ ಮೂರು ಸೆಲ್ಲಿನ ಲಿಥಿಯಂ ಪಾಲಿಮರ್ ಬ್ಯಾಟರಿ. ಯಾರೋ ಅನುಭವಸ್ಥರು "ಮೊದಲು ಪವರ್ ಹಾಕು, ಉಳಿದಿದ್ದೆಲ್ಲ ಆಮೇಲೆ" ಅಂದ್ರಂತೆ. ಹುಡುಗ ರಿಮೋಟಿನ ಟ್ರಿಗರ್ ಒತ್ತಿದ, ಕಾರು ಮೂತಿ ಎತ್ತಿ ಹಿಂದಕ್ಕೆ ಲಾಗ ಹಾಕ್ತು. ಎತ್ತಿ ನಿಲ್ಲಿಸಿದ, ಮತ್ತೆ ಒತ್ತಿದ, ಹಿಂದಿನ ಚಕ್ರ ಎಡಕ್ಕೆ ಜಾರಿ ಬೇಲಿಗೆ ಗುದ್ದಿತು. ಮೂರನೇ ಸಲ ಒತ್ತಿದಾಗ ಬರೀ ಗರ್ರ್ ಅಂತ ಶಬ್ದ, ಕಾರು ನಿಂತಲ್ಲೇ ನಿಂತಿದೆ. ಮೋಟಾರಿನ ಬಲವನ್ನ ಚಕ್ರದ ಕಡೆ ದಾಟಿಸೋ ಸ್ಪರ್ ಗೇರಿನ ಹಲ್ಲು ಪೂರ್ತಿ ಸವೆದು ಹೋಗಿತ್ತು. ಹತ್ತು ನಿಮಿಷ ಕೂಡ ಆಗಿರಲಿಲ್ಲ ರೀ ಬಂದು. ಹುಡುಗ ಅಳಲಿಲ್ಲ, ಆದ್ರೆ ಕಾರನ್ನ ಎದೆಗೆ ಒತ್ಕೊಂಡು ಅಪ್ಪನ ಮುಖ ನೋಡಿದ ನೋಡಿ, ಅದು ಇನ್ನೂ ಕಣ್ಣ ಮುಂದಿದೆ.

ಈ "ಮೊದಲು ಮೋಟಾರ್ ಬದಲಿಸು" ಅನ್ನೋ ಸಲಹೆ ಮೇಲೆ ನನಗೆ ವಿಪರೀತ ಕೋಪ ಇದೆ. ನನ್ನ ಹಳೇ ಗೆಳೆಯರಿಗೆ ಗೊತ್ತು, ಇದನ್ನ ಎಷ್ಟು ಸಲ ಹೇಳಿದೀನಿ ಅಂತ. ಇನ್ನೊಂದು ಸಲ ಹೇಳ್ತೀನಿ.

ಅವರಪ್ಪನ್ನ ಕೇಳಿ ಕಾರು ಅಲ್ಲೇ ನೆರಳಲ್ಲಿ ಬಿಚ್ಚಿ ನೋಡಿದೆ. ಮುಂದಿನ ಎಡಗಡೆ ಶಾಕ್ (ನೆಲದ ಏಟು ತಡೆಯೋ ಎಣ್ಣೆ ಕೊಳವೆ) ಒತ್ತಿದ್ರೆ ಪುಸಕ್ ಅಂತ ಒಳಗೆ ಹೋಗುತ್ತೆ, ಸ್ಪ್ರಿಂಗ್ ಮಾತ್ರ ವಾಪಸ್ ತಳ್ಳುತ್ತೆ, ಒಳಗೆ ಎಣ್ಣೆ ಅನ್ನೋದೇ ಇಲ್ಲ, ಎಣ್ಣೆ ತಡೆಯೋ ರಬ್ಬರ್ ಓ ರಿಂಗ್ ಪಕ್ಕದಲ್ಲಿ ಸೋರಿ ಧೂಳಿನ ಜೊತೆ ಸೇರಿ ಕಪ್ಪು ಅಂಟಾಗಿ ಕೂತಿದೆ. ಹಿಂದಿನ ಬಲ ಟೈರ್ ರಿಮ್ಮಿಗೆ ಅಂಟಿಸಿದ್ದು ಅರ್ಧ ಬಿಟ್ಟಿದೆ, ಬೆರಳು ತೂರುತ್ತೆ. ಚಕ್ರ ಕೈಲಿ ತಿರುಗಿಸಿದ್ರೆ ಎರಡು ಸುತ್ತಿಗೆ ನಿಲ್ಲುತ್ತೆ, ಯಾಕಂದ್ರೆ ಬೇರಿಂಗ್ ಇರಬೇಕಾದ ಕಡೆ ಪ್ಲಾಸ್ಟಿಕ್ ಬುಷ್, ಅಂದ್ರೆ ಬರೀ ಒಂದು ಬಳೆ. ಇಂಥ ಕಾರಿಗೆ 3ಎಸ್!

ಲೆಕ್ಕ ಹಾಕಿ ನೋಡಿ. ಮೋಟಾರಿನ ಕೆವಿ ಅಂದ್ರೆ ಒಂದು ವೋಲ್ಟಿಗೆ ಎಷ್ಟು ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು) ಅಂತ, ಲೋಡ್ ಇಲ್ಲದೆ. 3300 ಕೆವಿ ಮೋಟಾರಿಗೆ 2ಎಸ್ ಅಂದ್ರೆ 7.4 ವೋಲ್ಟ್ ಕೊಟ್ರೆ 24,420 ಆರ್‌ಪಿಎಂ. ಅದೇ ಮೋಟಾರಿಗೆ 3ಎಸ್, 11.1 ವೋಲ್ಟ್ ಕೊಟ್ರೆ 36,630. ವೇಗ ಒಂದೂವರೆ ಪಟ್ಟು ಆದ್ರೆ ಗುದ್ದೋವಾಗಿನ ಶಕ್ತಿ ಒಂದೂವರೆ ಪಟ್ಟಲ್ಲ, ಎರಡೂಕಾಲು ಪಟ್ಟು. ಆ ಬೇಲಿಗೆ ಗುದ್ದಿದಾಗ ಆ ಎರಡೂಕಾಲು ಪಟ್ಟನ್ನ ತಡ್ಕೊಂಡಿದ್ದು ಚಕ್ರ ಹಿಡಿಯೋ ಅದೇ ಹಳೇ ಆರ್ಮ್, ಅದನ್ನ ಕೂರಿಸೋ ಅದೇ ಹಳೇ ಹಿಂಜ್ ಪಿನ್, ಸ್ಟೀರಿಂಗ್ ತಿರುಗಿಸೋ ಸರ್ವೋದ ಅದೇ ಪ್ಲಾಸ್ಟಿಕ್ ಗೇರ್. ಇದನ್ನ ಆ ಸಲಹೆ ಕೊಟ್ಟ ಮನುಷ್ಯ ಹುಡುಗನಿಗೆ ಹೇಳಬೇಕಿತ್ತಲ್ವಾ?

ಇನ್ನೊಂದು ನೋಡಿ ನನಗೆ ಭಯಾನೇ ಆಯ್ತು. ಮೋಟಾರಿನ ವೇಗ ನಿಯಂತ್ರಿಸೋ ಇಎಸ್‌ಸಿಯ ಬ್ಯಾಟರಿ ಸೆಟ್ಟಿಂಗ್ ನಿಕಲ್ ಬ್ಯಾಟರಿ ಮೋಡಲ್ಲೇ ಇತ್ತು. ಲಿಪೋ ಹಾಕಿ ಆ ಮೋಡಲ್ಲಿ ಓಡಿಸಿದ್ರೆ ಸರಿಯಾದ ಕಡೆ ಕಟಾಫ್ ಆಗಲ್ಲ, ಸೆಲ್ 3 ವೋಲ್ಟಿಗಿಂತ ಕೆಳಗೆ ಇಳಿದ್ರೂ ಕಾರು ಓಡ್ತಾನೇ ಇರುತ್ತೆ, ಆಮೇಲೆ ಬ್ಯಾಟರಿ ಊದ್ಕೊಳ್ಳುತ್ತೆ, ಅದನ್ನೇ ತಿಳೀದೆ ಮತ್ತೆ ಚಾರ್ಜಿಗೆ ಹಾಕಿದ್ರೆ ಬೆಂಕಿ ಹತ್ಕೊಳ್ಳೋ ಅಪಾಯ. ಒಂದು ಸೆಲ್ ಫುಲ್ ಅಂದ್ರೆ 4.2 ವೋಲ್ಟ್, ಎತ್ತಿಡೋವಾಗ 3.8 ಹತ್ರ, 3ರ ಕೆಳಗೆ ಯಾವತ್ತೂ ಬೇಡ. ಮಕ್ಕಳ ಕೈಗೆ ಲಿಪೋ ಕೊಡೋರು ಈ ಮೂರು ನಂಬರ್ ಬಾಯಿಪಾಠ ಮಾಡ್ಸಿ ಕೊಡ್ರಪ್ಪಾ, ಕೈ ಮುಗಿದು ಕೇಳ್ಕೋತೀನಿ.

ಈಗ ಕೆಲವರು ಬರ್ತಾರೆ, "ವೇಗ ಇಲ್ದೆ ಇದ್ರೆ ಮಜಾ ಎಲ್ಲಿದೆ, ಅವನ ಕಾರು ಅವನ ಇಷ್ಟ" ಅಂತ. ವೇಗ ನನಗೂ ಇಷ್ಟ. ಆದ್ರೆ ಆ ಹುಡುಗನಿಗೆ ಸಿಕ್ಕಿದ್ದು ವೇಗ ಅಲ್ವಲ್ಲ, ಸಿಕ್ಕಿದ್ದು ಮೂರು ಟ್ರಿಗರ್ ಒತ್ತು ಮತ್ತು ಒಂದು ಸತ್ತ ಗೇರ್. ಮಣ್ಣಲ್ಲಿ ಓಡೋ ಕಾರಿಗೆ ವೇಗ ಬರೋದು ಟೈರ್ ನೆಲ ಕಚ್ಚಿದಾಗ. ನೆಲ ಕಚ್ಚದ ಚಕ್ರಕ್ಕೆ ಎಷ್ಟು ಆರ್‌ಪಿಎಂ ಕೊಟ್ರೂ ಧೂಳು ಏಳುತ್ತೆ, ಕಾರು ಮುಂದೆ ಹೋಗಲ್ಲ.

ಹಾಗಾಗಿ ಮೊದಲು ಟೈರ್. ಗಟ್ಟಿ ನೆಲ, ಮೇಲೆ ತೆಳು ಧೂಳು ಇದ್ರೆ ಚಿಕ್ಕ ಚಿಕ್ಕ ಒತ್ತಾದ ಪಿನ್ ಇರೋ ಮೆತ್ತನೆ ರಬ್ಬರ್. ಸಡಿಲ ಮಣ್ಣಿದ್ರೆ ಎತ್ತರದ, ದೂರ ದೂರ ಇರೋ ಮುಳ್ಳು, ಮಣ್ಣೊಳಗೆ ಇಳಿದು ಹಿಡೀಬೇಕು. ಟೂ ವೀಲ್ ಡ್ರೈವ್ ಆದ್ರೆ ಮುಂದಿನ ಚಕ್ರಕ್ಕೆ ಉದ್ದುದ್ದ ಗೆರೆ ಇರೋ ರಿಬ್ ಟೈರ್, ಅದು ಪಕ್ಕಕ್ಕೆ ಜಾರೋದನ್ನ ತಡೆಯುತ್ತೆ, ಸ್ಟೀರಿಂಗ್ ಬರುತ್ತೆ. ಒಳಗಿನ ಫೋಮ್ ಕೂಡ ನೋಡಿ, ಹಳೇದಾಗಿ ಪುಡಿ ಪುಡಿ ಆಗಿದ್ರೆ ಟೈರ್ ಆಕಾರನೇ ನಿಲ್ಲಲ್ಲ. ಇನ್ನು ಅತಿ ವೇಗದಲ್ಲಿ ಟೈರ್ ನಡುಮಧ್ಯ ಬಲೂನ್ ಥರ ಉಬ್ಬುತ್ತೆ, ನೆಲಕ್ಕೆ ತಾಗೋದು ಮಧ್ಯದ ಒಂದು ಸಣ್ಣ ಪಟ್ಟಿ ಮಾತ್ರ. ಅಂದ್ರೆ ಆ ದೊಡ್ಡ ಮೋಟಾರ್ ಇದ್ದ ಹಿಡಿತವನ್ನೂ ತಿಂದು ಹಾಕ್ತಿದೆ. ಇದು ತಿಳಿದ ಮೇಲೂ ಮೋಟಾರೇ ಮೊದಲು ಅನ್ನೋಕೆ ಹೇಗೆ ಮನಸು ಬರುತ್ತೆ ಹೇಳಿ. ಅಂಟಿಸೋವಾಗ ರಿಮ್ಮನ್ನ ಚೆನ್ನಾಗಿ ಒರೆಸಿ, ಎಣ್ಣೆ ಜಿಡ್ಡು ಇರಬಾರದು, ಸೂಪರ್ ಗ್ಲೂ ತೆಳ್ಳಗೆ ಸುತ್ತಲೂ, ಸ್ವಲ್ಪ ಸ್ವಲ್ಪ ಒತ್ತಿ ಹಿಡೀರಿ.

ಆಮೇಲೆ ಬೇರಿಂಗ್. ಇದರ ಬಗ್ಗೆ ಹೆಚ್ಚು ಹೇಳೋದೇ ಬೇಡ, ಬುಷ್ ಕಿತ್ತು ಬಾಲ್ ಬೇರಿಂಗ್ ಹಾಕಿ, ಚಕ್ರ ಕೈಲಿ ತಿರುಗಿಸಿ ನೋಡಿ, ನಿಮಗೇ ಗೊತ್ತಾಗುತ್ತೆ. ಅದೇ ಹಳೇ ಮೋಟಾರ್, ಅದೇ ಬ್ಯಾಟರಿ, ಕಾರು ಹಗುರಾಗಿ ಓಡುತ್ತೆ, ಮೋಟಾರ್ ಕಾಯೋದೂ ಕಮ್ಮಿ.

ಶಾಕ್ ವಿಷಯಕ್ಕೆ ಬರ್ತೀನಿ, ನನ್ನ ಪ್ರಾಣ ಇರೋದೇ ಅಲ್ಲಿ. 1984ರಲ್ಲಿ ಜಪಾನಿನ ಟಮಿಯಾ ಕಂಪನಿಯ ಗ್ರಾಸ್‌ಹಾಪರ್ ಬಂತು, ಪುಟ್ಟ 380 ಸೈಜಿನ ಮೋಟಾರಿನ ಕಾರು, ಎಷ್ಟೋ ದೇಶಗಳಲ್ಲಿ ಎಷ್ಟೋ ಜನ ಈ ಹವ್ಯಾಸ ಕಲಿತಿದ್ದೇ ಅದರಲ್ಲಿ, ಆ ಸಣ್ಣ ಮೋಟಾರಲ್ಲೇ. ಅದೇ ವರ್ಷ ಅಮೆರಿಕದ ಟೀಮ್ ಅಸೋಸಿಯೇಟೆಡ್‌ನವರ ಆರ್‌ಸಿ10 ಅನ್ನೋ ಕಾರು ಕೂಡ ಬಂತು, ಚಿನ್ನದ ಬಣ್ಣದ ಅಲ್ಯೂಮಿನಿಯಂ ಚಾಸಿ (ಕಾರಿನ ತಳಭಾಗ), ಎಣ್ಣೆ ತುಂಬಿದ ಉದ್ದನೆ ಶಾಕು. ಆ ಕಾರಿನ ಹೆಸರು ಇವತ್ತಿಗೂ ಜನ ತೆಗೀತಾರೆ ಅಂದ್ರೆ ಅದು ಗುಂಡಿ ದಿಬ್ಬದ ಮೇಲೆ ಹೇಗೆ ನಡ್ಕೋತಿತ್ತು ಅನ್ನೋದಕ್ಕೆ. ನಲವತ್ತು ವರ್ಷ ಆಯ್ತು, ನಾವಿನ್ನೂ ಹೊಸ ಹುಡುಗರಿಗೆ ಮೋಟಾರ್ ಮೋಟಾರ್ ಅಂತಿದೀವಿ.

ಶಾಕ್ ತುಂಬಿಸೋದು ಅವಸರದ ಕೆಲಸ ಅಲ್ಲ. ಪಿಸ್ಟನ್ ಕೆಳಗೆ ಎಳೆದು, ಸಿಲಿಕೋನ್ ಎಣ್ಣೆ ಅಂಚಿನವರೆಗೂ ಹಾಕಿ, ಪಿಸ್ಟನ್ನನ್ನ ನಿಧಾನಕ್ಕೆ, ತುಂಬಾ ನಿಧಾನಕ್ಕೆ ಮೇಲೆ ಕೆಳಗೆ ಮಾಡಬೇಕು. ಪಿಸ್ಟನ್ ತೂತುಗಳಿಂದ ಸಣ್ಣ ಸಣ್ಣ ಗುಳ್ಳೆ ಸಾಲಾಗಿ ಹೊರಡುತ್ತೆ, ಸಾಸಿವೆ ಕಾಳಿನಷ್ಟು ಕೂಡ ಇರಲ್ಲ, ಮೇಲೆ ಬಂದು ಅಂಚಿಗೆ ಅಂಟಿ ಒಡೆಯುತ್ತೆ. ಆಮೇಲೆ ನೆಟ್ಟಗೆ ನಿಲ್ಲಿಸಿ ಬಿಟ್ಟುಬಿಡಬೇಕು. ಗುಳ್ಳೆ ಉಳಿದ್ರೆ ಶಾಕ್ ಒಂದು ಸಲ ಒಂದು ಥರ ಇನ್ನೊಂದು ಸಲ ಇನ್ನೊಂದು ಥರ. ಎರಡೂ ಕಡೆ ಶಾಕ್ ಕೈಲಿ ಹಿಡಿದು ಒಟ್ಟಿಗೆ ಒತ್ತಿ ನೋಡಿ, ಎರಡೂ ಒಂದೇ ವೇಗದಲ್ಲಿ ಒಳಗೆ ಹೋಗಬೇಕು, ಒಂದೇ ವೇಗದಲ್ಲಿ ವಾಪಸ್ ಬರಬೇಕು. ಆಮೇಲೆ ಕಾರನ್ನ ಒಂದಡಿ ಎತ್ತರದಿಂದ ನೆಟ್ಟಗೆ ಬಿಡಿ. ತಟ್ ಅಂತ ಚಾಸಿ ಜೋರಾಗಿ ನೆಲಕ್ಕೆ ಬಡಿದ್ರೆ ಎಣ್ಣೆ ತೆಳುವಾಯ್ತು ಅಥವಾ ಸ್ಪ್ರಿಂಗ್ ಮೆತ್ತಗಾಯ್ತು, ಚೆಂಡಿನ ಥರ ಪುಟಿದ್ರೆ ಸ್ಪ್ರಿಂಗ್ ಗಟ್ಟಿ, ಡ್ಯಾಂಪಿಂಗ್ ಸಾಲದು. ಬಂದು ಕೂತು ಸುಮ್ಮನಾದ್ರೆ, ಆಹಾ, ಆ ಸದ್ದೇ ಬೇರೆ. ಚಳಿಯಲ್ಲಿ ಎಣ್ಣೆ ಸ್ವಲ್ಪ ದಪ್ಪ ಆಗುತ್ತೆ, ಸೆಖೆಯಲ್ಲಿ ತೆಳು, ಹಾಗಾಗಿ ಒಂದು ಸಲ ಹಾಕಿ ಮರೆಯೋ ಹಾಗಿಲ್ಲ.

ಹೊಳೆಯೋ ಅಲ್ಯೂಮಿನಿಯಂ ಭಾಗಗಳ ಬಗ್ಗೆಯೂ ಇದೇ ಸಿಟ್ಟು. ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು. ಶಾಕಲ್ಲಿ ಎಣ್ಣೆ ಇಲ್ಲ, ಆರ್ಮ್ ಮಾತ್ರ ನೀಲಿ ಅಲ್ಯೂಮಿನಿಯಂ. ನೈಲಾನ್ ಆರ್ಮ್ ಗುದ್ದಿದಾಗ ಬಗ್ಗಿ ವಾಪಸ್ ಬರುತ್ತೆ, ಮುರಿದ್ರೂ ಅದೊಂದೇ ಹೋಗುತ್ತೆ. ಅಲ್ಯೂಮಿನಿಯಂ ಬಗ್ಗಿದ್ರೆ ಬಗ್ಗಿದ್ದೇ, ಬಗ್ಗದಿದ್ರೆ ಆ ಏಟನ್ನ ಹಿಂದಕ್ಕೆ ಆರ್ಮ್ ಕೂರೋ ಬಲ್ಕ್‌ಹೆಡ್ಡಿಗೆ, ಚಾಸಿಗೆ ದಾಟಿಸುತ್ತೆ. ಚಕ್ರದ ಕಡೆ ತೂಕ ಬೇರೆ ಜಾಸ್ತಿ, ಪಾಪ ಶಾಕು ಅದನ್ನೂ ಹೊರಬೇಕು. ಅಲ್ಯೂಮಿನಿಯಂ ಬೇಕಿದ್ರೆ ಮೋಟಾರ್ ಕೂರಿಸೋ ಮೌಂಟಿಗೆ ಹಾಕಿ, ಶಾಖ ಎಳ್ಕೊಳ್ಳುತ್ತೆ. ಶಾಕಿನ ಕೊಳವೆಗೆ ಹಾಕಿ, ಸರ್ವೋ ಹಾರ್ನಿಗೆ (ಸರ್ವೋದ ತೋಳಿಗೆ) ಹಾಕಿ. ಆರ್ಮಿಗೆ ಬೇಡ ಅಂತ ನನ್ನ ಖಡಾಖಂಡಿತ ಅಭಿಪ್ರಾಯ.

ಇಷ್ಟೆಲ್ಲ ಕೋಪ ಯಾಕೆ ಅಂತ ಕೇಳ್ತೀರಿ. ಹೇಳ್ತೀನಿ, ಇಲ್ಲಿ ಯಾರಿಗೂ ಪೂರ್ತಿ ಹೇಳಿರಲಿಲ್ಲ. ನಾನು ಮಧ್ಯೆ ಎರಡು ವರ್ಷ ಕಾರು ಮುಟ್ಟಿರಲಿಲ್ಲ ಅಂತ ನಿಮಗೆ ಗೊತ್ತಲ್ಲ, ಕೆಲಸದ ಒತ್ತಡ ಅಂತ ಹೇಳ್ಕೊಂಡು ತಿರುಗ್ತಿದ್ದೆ. ಕೆಲಸ ಅಲ್ಲ. ನನಗೂ ಇದೇ ಸಲಹೆ ಸಿಕ್ಕಿತ್ತು. ಕೂಡಿಟ್ಟಿದ್ದೆಲ್ಲ ಒಂದು ಮೋಟಾರಿಗೆ ಸುರಿದೆ, ಪಿನಿಯನ್, ಅಂದ್ರೆ ಮೋಟಾರಿನ ತುದಿಯ ಸಣ್ಣ ಗೇರ್, ಎರಡು ಹಲ್ಲು ದೊಡ್ಡದು ಹಾಕಿದೆ ಇನ್ನೂ ವೇಗ ಬರಲಿ ಅಂತ, ಮೋಟಾರ್ ಕೈ ಇಡೋಕಾಗದಷ್ಟು ಕಾದ್ರೂ ಓಡಿಸ್ತಾನೇ ಇದ್ದೆ. ದೊಡ್ಡ ಪಿನಿಯನ್ ಅಂದ್ರೆ ಮೋಟಾರಿಗೆ ಹೆಚ್ಚು ಹೊರೆ, ಹೆಚ್ಚು ಕರೆಂಟ್, ಹೆಚ್ಚು ಶಾಖ, ಅತಿಯಾಗಿ ಕಾದ್ರೆ ಮೋಟಾರೊಳಗೆ ತಿರುಗೋ ರೋಟರಿನ ಅಯಸ್ಕಾಂತ ಶಾಶ್ವತವಾಗಿ ದುರ್ಬಲ ಆಗುತ್ತೆ ಅಂತ ಆಗ ಒಬ್ಬರೂ ಹೇಳಲಿಲ್ಲ. ಒಂದೇ ತಿಂಗಳಲ್ಲಿ ಮೋಟಾರ್ ಹೋಯ್ತು, ಜೊತೆಗೆ ಇಎಸ್‌ಸಿ ಸುಟ್ಟ ವಾಸನೆ. ಕಾರು ಡಬ್ಬಕ್ಕೆ ಹಾಕಿ ಅಟ್ಟಕ್ಕೆ ಎಸೆದೆ. ನನಗೆ ಯೋಗ್ಯತೆ ಇಲ್ಲ ಅಂತ ಅಂದ್ಕೊಂಡೆ, ನಿಜವಾಗ್ಲೂ ಹಾಗೇ ಅಂದ್ಕೊಂಡೆ. ಎರಡು ವರ್ಷ ಆದ ಮೇಲೆ ಒಬ್ಬ ಹಿರಿಯರು ಒಂದು ಶಾಕ್ ಎಣ್ಣೆ ಬಾಟಲಿ ಕೈಗಿಟ್ಟು, ಹಳೇ ಬ್ರಷ್ಡ್ ಮೋಟಾರ್ ವಾಪಸ್ ಹಾಕ್ಸಿ, ಇಡೀ ಸಂಜೆ ಪಕ್ಕದಲ್ಲಿ ಕೂತು ಹೇಳ್ಕೊಟ್ರು. ಮಾರನೇ ದಿನ ಆ ಕಾರು ತಿರುವಲ್ಲಿ ಹಳಿ ಮೇಲೆ ಹೋದ ಹಾಗೆ ಹೋಯ್ತು. ನಾನು ಅಲ್ಲೇ ನಿಂತು ಕಣ್ಣು ಒರೆಸ್ಕೊಂಡೆ.

ಆ ಹುಡುಗನ ಮುಖದಲ್ಲಿ ಇವತ್ತು ನೋಡಿದ್ದು ನನ್ನ ಆ ಎರಡು ವರ್ಷನ.

ದೊಡ್ಡ ಮೋಟಾರ್ ಬೇಡವೇ ಬೇಡ ಅಂತಲ್ಲ. ಒಂದು ಬ್ಯಾಟರಿ ಪ್ಯಾಕ್ ಪೂರ್ತಿ ಎಲ್ಲೂ ಮಗುಚದೆ ಓಡಿಸಿದ ದಿನ ಹಾಕಿ, ಅವತ್ತು ಬ್ರಷ್‌ಲೆಸ್ ಹಾಕಿದ್ರೆ ಅದರ ಸುಖವೇ ಬೇರೆ. ಸೆನ್ಸರ್ಡ್ (ರೋಟರ್ ಎಲ್ಲಿದೆ ಅಂತ ಇಎಸ್‌ಸಿಗೆ ತಿಳಿಸೋ ಸೆನ್ಸರ್ ಇರೋದು) ಆದ್ರೆ ಇನ್ನೂ ಒಳ್ಳೇದು, ನಿಧಾನ ವೇಗದಲ್ಲಿ ತಡವರಿಸಲ್ಲ. ಸ್ಪರ್ ಕಾರಿನ ಜೊತೆ ಬಂದ ಪ್ಲಾಸ್ಟಿಕ್ಕಿಂದೇ ಆದ್ರೂ ಪರವಾಗಿಲ್ಲ, ಮೆಶ್ (ಪಿನಿಯನ್ ಮತ್ತು ಸ್ಪರ್ ಹಲ್ಲು ಕೂಡೋ ಅಂತರ) ಸರಿ ಇಡಿ, ಎರಡು ಗೇರಿನ ಮಧ್ಯೆ ಒಂದು ತೆಳು ಕಾಗದದ ಪಟ್ಟಿ ಇಟ್ಟು ಒತ್ತಿ ಮೋಟಾರ್ ಸ್ಕ್ರೂ ಬಿಗಿ ಮಾಡಿ, ಆಮೇಲೆ ಕಾಗದ ತಿರುಗಿಸಿ ತೆಗೀರಿ, ಮಡಿಕೆ ಬಿದ್ದಿರಬೇಕು, ಹರಿದಿರಬಾರದು. ಸ್ಲಿಪ್ಪರ್ ಕ್ಲಚ್ (ಹೊರೆ ಹೆಚ್ಚಾದಾಗ ಸ್ವಲ್ಪ ಜಾರೋ ಕ್ಲಚ್) ಇದ್ರೆ ಪೂರ್ತಿ ಬಿಗಿ ಮಾಡಬೇಡಿ, ಗೇರಿನ ಮೇಲೆ ಬೀಳೋ ಏಟನ್ನ ಅದು ತಗೊಳ್ಳಲಿ. ಆ ಹುಡುಗನ ಕಾರಲ್ಲಿ ಸ್ಲಿಪ್ಪರ್ ಕೊನೇವರೆಗೂ ಬಿಗಿದಿತ್ತು, ಮೋಟಾರ್ ಹಾಕಿದವರಿಗೆ ಆ ಒಂದು ನಟ್ ಸಡಿಲ ಮಾಡೋಕೆ ಎಷ್ಟು ಹೊತ್ತು ಬೇಕಿತ್ತು?

ಅಪ್ಪ ಮಗ ಇಬ್ಬರನ್ನೂ ಕೇಳಿ ಕಾರು ನಾನೇ ತಗೊಂಡು ಬಂದೆ. ಹುಡುಗನ ಹಳೇ ಮೋಟಾರ್ ಅವನ ಬ್ಯಾಗಲ್ಲೇ ಇತ್ತು, ಬಟ್ಟೆಲಿ ಸುತ್ತಿ ಇಟ್ಕೊಂಡಿದ್ದ. ನನ್ನ ಹತ್ರ ಒಂದು ಸ್ಪರ್ ಇದೆ, ಬೇರಿಂಗ್ ಸೆಟ್ ಇದೆ. ಸಂಜೆ ಅವನೂ ಅಪ್ಪನ ಜೊತೆ ಬಂದ, ಮೂರು ಶಾಕ್ ಅವನೇ ತುಂಬಿಸಿದ, ಮೊದಲನೇದರಲ್ಲಿ ಎಣ್ಣೆ ಚೆಲ್ತು, ಮೂರನೇದು ಒಂದು ಹನಿ ಚೆಲ್ಲಲಿಲ್ಲ. ನಾಲ್ಕನೇದನ್ನ ನಿಲ್ಲಿಸಿಟ್ಟು, "ಅಂಕಲ್ ಗುಳ್ಳೆ ನಿಲ್ಲೋವರೆಗೂ ಮುಚ್ಚಳ ಹಾಕಬೇಡಿ" ಅಂತ ನನಗೇ ಹೇಳಿ ಮನೆಗೆ ಹೋದ. ಈಗ ಇದನ್ನ ಬರೀತಾ ಮಧ್ಯೆ ಮಧ್ಯೆ ನೋಡ್ತಿದೀನಿ, ಇನ್ನೂ ಒಂದೊಂದು ಬರ್ತಾ ಇದೆ.